ಮಧುಗಿರಿಯ ಟಿವಿ, ಕುವೈತಿನ ನಾನು

ನಾನು ಬಾಯಿ ಬಿಡುವುದು ಕಡಿಮೆ. ಯಾರ ತಂಟೆಗೂ ಹೋಗುವವಳಲ್ಲ. ಆದರೂ ಟಿವಿ ನೋಡಲು ಕೂತರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಅದೂ ಎರಡು ದೇಶಗಳಲ್ಲಿ ಒಟ್ಟಿಗೇ.

ಕುವೈತಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನಗೆ ಕೆಲಸ. ರಕ್ತದ ಜೊತೆ ಮಾತಾಡಬೇಕಿಲ್ಲವಲ್ಲ, ಅದಕ್ಕೇ ಈ ಕೆಲಸ ನನಗೆ ಒಗ್ಗಿತು. ಊರು ಮಧುಗಿರಿ. ಅಲ್ಲಿ ಅಮ್ಮನಿಗೆ ನನ್ನ ಮೌನದ್ದೇ ಚಿಂತೆ. ಎರಡು ಸಂಬಂಧಗಳು ವಿಡಿಯೊ ಕಾಲಿನಲ್ಲೇ ಬಂದು ವಿಡಿಯೊ ಕಾಲಿನಲ್ಲೇ ಹೋಗಿದ್ದವು. "ಹುಡುಗಿ ಲಕ್ಷಣವಾಗಿದ್ದಾಳೆ, ಮಾತು ಬರಲ್ವೇನೋ" ಅಂದರು ಒಬ್ಬರು. "ಇಂಗ್ಲಿಷ್ ಮೀಡಿಯಮ್ಮು, ಕನ್ನಡ ಮರ್ತೋಗೈತೆ" ಅಂದರು ಇನ್ನೊಬ್ಬರು. ಎರಡೂ ಸುಳ್ಳು. ನನಗೆ ಮಾತು ಬರುತ್ತದೆ, ಎದುರಿಗಿದ್ದವರು ಹೋದಮೇಲೆ ಬರುತ್ತದೆ.

"ಮೂರನೆಯವರೂ ಹಿಂಗೇ ಹೋದ್ರೆ ನಾನೂ ನಿನ್ನ ಥರಾನೇ ಬಾಯಿ ಮುಚ್ಕೊಂಡು ಕೂತ್ಕೋತೀನಿ ನೋಡು" ಎಂದು ಅಮ್ಮ ಹೆದರಿಸಿದ್ದಳು. ಒಬ್ಬರ ಜೊತೆಯಾದರೂ ಧಾರಾಳವಾಗಿ ಮಾತಾಡಬೇಕು ಅಂತ ನನಗೂ ಆಸೆಯಿತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ.

ತಡಿ, ಶುರುವಾಯ್ತು

ಬಂದ ಹೊಸದರಲ್ಲಿ ಸಂಜೆ ರೂಮಿಗೆ ಬಂದರೆ ಗೋಡೆಗಳೇ ಗತಿ. ಕನ್ನಡ ಧಾರಾವಾಹಿಯಾದರೂ ನೋಡೋಣ ಅಂತ ಮೊಬೈಲ್ ತೆಗೆದರೆ, "ಈ ಕಾರ್ಯಕ್ರಮ ನಿಮ್ಮ ದೇಶದಲ್ಲಿ ಲಭ್ಯವಿಲ್ಲ" ಎಂದು ಬಂತು. ನನ್ನ ದೇಶದಲ್ಲಿ ಲಭ್ಯವಿದೆ ಕಣಪ್ಪ, ನಾನೇ ಅಲ್ಲಿಲ್ಲ ಅಂತ ಹೇಳೋದು ಯಾರಿಗೆ?

ದಾರಿ ಕಂಡುಹಿಡಿದವಳು ಅಜ್ಜಿ. ಏಳೂವರೆಗೆ ಟಿವಿ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುವುದು ಅವಳ ಪದ್ಧತಿ. ಆ ಹುಣಸೆಹಣ್ಣಿನ ಬುಟ್ಟಿಗೆ ಫೋನು ಒರಗಿಸಿ, ವಿಡಿಯೊ ಕಾಲ್ ಹಾಕಿ, ಅದರ ಮುಖ ಟಿವಿ ಕಡೆ ತಿರುಗಿಸಿದಳು. ಕುವೈತಿನಲ್ಲಿ ಆಗ ಸಂಜೆ ಐದು ಗಂಟೆ. ಜಾಹೀರಾತು ಬಂದಾಗ ಫೋನು ತನ್ನ ಕಡೆ ತಿರುಗಿಸಿಕೊಂಡು ನನ್ನ ಯೋಗಕ್ಷೇಮ ವಿಚಾರಿಸುತ್ತಿದ್ದಳು.

ಒಂದು ದಿನ ಹೇಳಿದೆ, "ಅಜ್ಜಿ, ನಿನ್ನೆಯಿಂದ ಜ್ವರ."

"ಅಯ್ಯೋ ನನ್ನವ್ವ! ಎಷ್ಟೈತೆ? ಮಾತ್ರೆ ತಗೊಂಡೇನೆ? ಗಂಜಿ ಕುಡುದ್ಯಾ? ತಡಿ, ಶುರುವಾಯ್ತು."

ನನ್ನನ್ನು ಟಿವಿ ಕಡೆ ತಿರುಗಿಸಿಯೇಬಿಟ್ಟಳು. ಉಳಿದ ಜ್ವರವನ್ನು ಮುಂದಿನ ಜಾಹೀರಾತಿನಲ್ಲಿ ಹೇಳಿದೆ.

ಶಿರಾದಿಂದ ನೇರಪ್ರಸಾರ

ಇನ್ನೊಂದು ಸಂಜೆ, ಅತ್ತೆ ಸೊಸೆಯ ಕೆನ್ನೆಗೆ ಬಾರಿಸಲು ಕೈ ಎತ್ತಿದ್ದಾಳೆ, ಮಧುಗಿರಿಯಲ್ಲಿ ಕರೆಂಟು ಹೋಯಿತು. ಅಜ್ಜಿ ಕಂಗಾಲು. ತಕ್ಷಣ ಅಮ್ಮನ ಫೋನಿನಿಂದ ಶಿರಾದಲ್ಲಿರುವ ನನ್ನ ಸೋದರತ್ತೆಗೆ ಹಚ್ಚಿದಳು. "ಲೇ, ಹೊಡುದ್ಲಾ ಇಲ್ವಾ?"

"ಎಲ್ಲಿ ಹೊಡೀತಾಳೆ? ಆ ಹುಡ್ಗಿ ಕೈ ಹಿಡ್ಕಂಡ್ಳು ಕಣವ್ವ! ಹಿಡ್ಕಂಡು, ಹಿಂಗೆ ನೋಡಿದ್ಳು ನೋಡು, ನಮ್ಮತ್ತೇನ ನಾನು ಅಂಗೆ ನೋಡ್ಬೇಕು ಅಂತ ಇಪ್ಪತ್ತು ವರ್ಷದಿಂದ ಇತ್ತು."

ಅಜ್ಜಿ ಎರಡು ಫೋನುಗಳನ್ನೂ ಮುಖಾಮುಖಿ ಹಿಡಿದಳು. ಶಿರಾದ ಮಾತು ಮಧುಗಿರಿ ದಾಟಿ ಕುವೈತಿಗೆ ಬಂತು. ಸೋದರತ್ತೆ ಒಬ್ಬಳೇ ಅಳುತ್ತಿದ್ದಳು, ಬೈಯುತ್ತಿದ್ದಳು, ನಡುನಡುವೆ ತನ್ನ ಸಂಸಾರದ ಎರಡು ಸಂಗತಿಗಳನ್ನೂ ಸೇರಿಸುತ್ತಿದ್ದಳು. ಹತ್ತು ನಿಮಿಷಕ್ಕೆ ಕರೆಂಟು ಬಂತು. ಅಜ್ಜಿ ಟಿವಿಯನ್ನು ಒಂದು ಗಳಿಗೆ ನೋಡಿ ಅಮ್ಮನಿಗೆ ಹೇಳಿದಳು:

"ಆರಿಸವ್ವ ಅದನ್ನ. ಇವಳು ಹೇಳಿದ್ದೇ ಚೆಂದಾಗೈತೆ."

ಕನ್ನಡ ಬರದಿದ್ದರೆ

ಆಮೇಲೆ ನನ್ನ ರೂಮಿಗೆ ಜೊತೆಯಾಗಿ ಬಂದವಳು ಕೇರಳದ ನರ್ಸ್. ಕನ್ನಡದ ಒಂದಕ್ಷರ ಬಾರದು. ಆದರೂ ನನ್ನ ಪಕ್ಕ ಕೂತು ದಿನಾ ಧಾರಾವಾಹಿ ನೋಡಿ, ನನಗಿಂತ ಮೊದಲೇ ಅಳುತ್ತಿದ್ದಳು.

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಪಾವಗಡದ ಆಂಟಿ ಒಬ್ಬರಿದ್ದಾರೆ. ಸಂಜೆ ಅಜ್ಜಿಯ ಜೊತೆ ಬೀಜ ಬಿಡಿಸಲು ಬರುತ್ತಾರೆ. ಅವರ ಊರಿನಲ್ಲಿ ಮನುಷ್ಯರು ಎರಡೇ ಥರ, ಕನ್ನಡದವರು ಮತ್ತು ತೆಲುಗಿನವರು. ನನ್ನ ಗೆಳತಿಗೆ ಕನ್ನಡ ಬರುವುದಿಲ್ಲ ಎಂದು ತಿಳಿದದ್ದೇ ತಡ, ಫೋನಿನೊಳಕ್ಕೇ ಮುಖ ತೂರಿಸಿದರು.

"ಬಾಗುನ್ನಾವಾ ಅಮ್ಮಾ? ಅನ್ನಂ ತಿನ್ನಾವಾ?" ಎಂದು ತೆಲುಗಿನಲ್ಲಿ ಕ್ಷೇಮ, ಊಟ ಎರಡನ್ನೂ ವಿಚಾರಿಸಿದರು.

"ಆಂಟಿ, ಅವಳು ಮಲಯಾಳಿ" ಎಂದು ನಾನು ಮೆಲ್ಲಗೆ ಹೇಳಿದ್ದು ಅವರಿಗೆ ತಲುಪಲಿಲ್ಲ. ಗೆಳತಿ ಬಾಯ್ತುಂಬಾ ನಕ್ಕು "ಆಂ, ಆಂ" ಎಂದಳು. ಅಲ್ಲಿಂದ ಮುಂದೆ ಆಂಟಿ ತೆಲುಗಿನಲ್ಲಿ ತಮ್ಮ ಮಂಡಿನೋವು, ಸೊಸೆಯ ಬಾಣಂತನ ಎಲ್ಲವನ್ನೂ ಹೇಳಿಕೊಂಡರು. ಇವಳು ನೋವಿನ ಮುಖ ಕಂಡಾಗ "ಅಯ್ಯೋ" ಎಂದಳು, ನಗುಮುಖ ಕಂಡಾಗ ನಕ್ಕಳು. ಒಂದೂ ತಪ್ಪಲಿಲ್ಲ.

ಕೊನೆಗೆ ಆಂಟಿ ಅಮ್ಮನ ಕಡೆ ತಿರುಗಿ ಹೇಳಿದರು, "ನೋಡ್ರೀ, ಎಷ್ಟು ಚೆನ್ನಾಗಿ ತೆಲುಗು ಮಾತಾಡ್ತಾಳೆ! ನಿಮ್ಮುಡ್ಗಿ ಕನ್ನಡಾನೇ ಇಷ್ಟು ಮಾತಾಡಲ್ಲ."

ನಗುತ್ತೇನೆ, ಆದರೆ ಇದನ್ನೂ ಹೇಳಬೇಕು. ಆ ಮೊದಲ ವರ್ಷ ನಾನು ಗಂಟುಮೂಟೆ ಕಟ್ಟಿಕೊಂಡು ವಾಪಸು ಹೋಗದೆ ಉಳಿದದ್ದು ಈ ಹೆಂಗಸರಿಂದ. ದಿನಾ ಅರ್ಧ ಗಂಟೆ ಅವರ ಸಾಲಿನಲ್ಲಿ ನನಗೂ ಒಂದು ಜಾಗ ಇರುತ್ತಿತ್ತು. ನಾನು ಮಾತಾಡದಿದ್ದರೂ ಆ ಜಾಗವನ್ನು ಯಾರೂ ತೆಗೆಯಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ

ಮೂರನೆಯ ಸಂಬಂಧ ಕೊರಟಗೆರೆಯದು. ಹುಡುಗ ದನದ ಡಾಕ್ಟರು. ಭಾನುವಾರ ಮನೆಗೆ ಬಂದು ನನ್ನನ್ನು ವಿಡಿಯೊ ಕಾಲಿನಲ್ಲಿ ನೋಡುವುದೆಂದು ಮಾತಾಗಿತ್ತು. ಏನು ಮಾತಾಡಬೇಕೆಂದು ನಾನು ಚೀಟಿಯಲ್ಲಿ ಬರೆದು ಬಾಯಿಪಾಠ ಮಾಡುತ್ತಿದ್ದೆ.

ಅದಕ್ಕೆ ಎರಡು ದಿನ ಮುಂಚೆ, ಶುಕ್ರವಾರ ಸಂಜೆ, ಧಾರಾವಾಹಿಯಲ್ಲಿ ಮೂರು ವಾರದಿಂದ ಬೀರುವಿನಲ್ಲಿದ್ದ ಪತ್ರ ಕೊನೆಗೂ ಸೊಸೆಯ ಕೈಗೆ ಸಿಕ್ಕಿತು. ಅಜ್ಜಿ ಟಿವಿಯ ಸದ್ದು ಏರಿಸಿದ್ದಳು. ಸೊಸೆ ಲಕೋಟೆ ಹರಿಯುತ್ತಿದ್ದಾಳೆ, ಯಾರೋ ಒಬ್ಬರು ಬಂದು ಫೋನಿಗೂ ಟಿವಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂತರು. ಅರ್ಧ ಟಿವಿಗೆ ಅಡ್ಡವಾಗಿ ನನಗೆ ಕಂಡದ್ದು ಒಂದು ಹಸಿರು ಸೀರೆಯ ಬೆನ್ನು. ಬೀದಿಯವರು ಯಾರೋ ಇರಬೇಕು ಅಂದುಕೊಂಡೆ. ಒಂದು ನಿಮಿಷ ತಡೆದೆ. ತಡೆಯಲಾಗಲಿಲ್ಲ.

"ರೀ ಅಮ್ಮಾ! ವಸಿ ಸರ್ಕೊಳ್ರೀ! ಮೂರು ವಾರದಿಂದ ಕಾಯ್ತಾ ಕೂತಿದೀನಿ, ಆ ಪತ್ರದಲ್ಲೇನೈತೆ ನೋಡೋದು ಬ್ಯಾಡ್ವಾ?"

ಆಗ ಅಲ್ಲಿ ನಡೆಯುತ್ತಿದ್ದ ಮಾತು ಏನೆಂದು ಅಮ್ಮ ಆಮೇಲೆ ಹೇಳಿದಳು. ಮಧುಗಿರಿಗೆ ಏನೋ ಕೆಲಸಕ್ಕೆ ಬಂದಿದ್ದ ಕೊರಟಗೆರೆಯವರು, ತಾಯಿ ಮಗ ಇಬ್ಬರೂ, ಹಾಗೇ ಮನೆ ನೋಡಿಕೊಂಡು ಹೋಗೋಣವೆಂದು ಒಳಗೆ ಬಂದಿದ್ದರಂತೆ. ಹುಡುಗನ ತಾಯಿ ಆಗ ತಾನೇ ಕೇಳಿದ್ದರಂತೆ, "ಹುಡುಗಿ ಮಾತೇ ಆಡಲ್ವಂತೆ, ಹೌದಾ?"

ಹಸಿರು ಸೀರೆ ಬೆಚ್ಚಿಬಿದ್ದು ಸುತ್ತ ನೋಡಿತು. "ಯಾರದು?"

"ನಮ್ಮುಡ್ಗಿ ಕಣಮ್ಮ, ಕುವೈತಿಂದ" ಎಂದಳು ಅಜ್ಜಿ, ಟಿವಿಯಿಂದ ಕಣ್ಣು ಕೀಳದೆ. "ಸರ್ಕೊಳಿ, ನಂಗೂ ಕಾಣ್ತಿಲ್ಲ."

ಅವರು ಎದ್ದರು, ಅವರಿಗೆ ದಾರಿ ಬಿಡಲು ಪಕ್ಕದಲ್ಲಿದ್ದ ಒಂದು ಬಿಳಿ ಷರಟೂ ಎದ್ದು ನಿಂತು ಒಂದು ಗಳಿಗೆ ಇಡೀ ಟಿವಿಯನ್ನೇ ಮುಚ್ಚಿತು. ಅವರು ಅಜ್ಜಿಯ ಪಕ್ಕ ನೆಲದ ಮೇಲೆ ಕೂತ ಮೇಲೆ ಷರಟೂ ಸರಿಯಿತು. ಅಷ್ಟರಲ್ಲಿ ಸೊಸೆ ಪತ್ರ ಬಿಚ್ಚಿದಳು, ಕಣ್ಣರಳಿಸಿದಳು, ಧಾರಾವಾಹಿ ಸೋಮವಾರಕ್ಕೆ ಹೋಯಿತು. "ಥೂ ಇವರ!" ಎಂದು ನಾನೂ ಅವರೂ ಒಟ್ಟಿಗೇ ಅಂದೆವು.

ಆಮೇಲೆ ಅಮ್ಮ ಫೋನೆತ್ತಿ ಇವರು ಇಂಥವರು ಎಂದಳು. ಬಾಯಿಪಾಠ ಮಾಡಿದ್ದೆಲ್ಲ ನನಗೆ ಮರೆತುಹೋಯಿತು. ಅವರೇ ನಗುತ್ತಾ ಅಂದರು, "ಮಾತು ಬರಲ್ಲ ಅಂದೋರ್ಯಾರು? ಇನ್ನು ನಮ್ಮ ಮಗನ ಬಾಯಿ ಬಿಡಿಸೋದೊಂದು ಬಾಕಿ." ಹೊರಡುವಾಗಲೇ ಒಪ್ಪಿಗೆ ಎಂದು ಹೇಳಿ ಹೋದರಂತೆ. ಹೆಣ್ಣು ನೋಡಲು ಬಂದವರ ಬೆನ್ನನ್ನು ಮೊದಲು ನೋಡಿದ ಹೆಣ್ಣು ನಮ್ಮ ಕಡೆ ನಾನೊಬ್ಬಳೇ ಇರಬೇಕು.

ಮಾರನೆಯ ಬೆಳಿಗ್ಗೆ ಹೊಸ ನಂಬರಿನಿಂದ ಒಂದು ಮೆಸೇಜು ಬಂದಿತ್ತು: "ಅಡ್ಡ ಕೂತಿದ್ದು ನಾನಲ್ಲ, ನಮ್ಮಮ್ಮ."

ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಧೈರ್ಯ ಮಾಡಿ ಕಳಿಸಿದೆ:

"ಗೊತ್ತು. ಅವರು ಕೂತಾಗ ಅರ್ಧ ಟಿವಿಯಾದರೂ ಕಾಣ್ತಿತ್ತು. ಅವರಿಗೆ ದಾರಿ ಬಿಡೋಕೆ ನೀವು ಎದ್ದು ನಿಂತ್ರಲ್ಲ, ಆಗ ಪೂರ್ತಿ ಹೋಯ್ತು."