ಎಮ್ಮೆಗಿದ್ದ ಹೆಸರು ಸೊಸೆಗಿಲ್ಲ

ಆಪ್ತಸಮಾಲೋಚಕಿಯ ಕೋಣೆಗೆ ಬಂದವರು ಗಾಬರಿಯಾಗಿರುತ್ತಾರೆ, ಒಳಗೆ ಕೂತವಳು ಶಾಂತವಾಗಿರುತ್ತಾಳೆ ಎಂದು ಜನ ತಿಳಿದಿದ್ದಾರೆ. ನನ್ನ ಕೋಣೆಯಲ್ಲಿ ಇದು ಉಲ್ಟಾ. ಬಂದವರು ನಿವಾಂತ ಚಹಾ ಕುಡಿಯುತ್ತಾರೆ, ಬಾಯಿ ತೆರೆದು ಕೂಡುವವಳು ನಾನು. ಒಂದು ಆಘಾತದಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಇನ್ನೊಂದರ ಚಪ್ಪಲಿ ಸಪ್ಪಳ ಕೇಳಿಸುತ್ತದೆ.

ನಾನು ಒಂದೂರಲ್ಲಿ ನಿಲ್ಲುವ ಹೆಣ್ಣಲ್ಲ. ಅಕ್ಕಲಕೋಟದಲ್ಲಿ ಹುಟ್ಟಿ, ಪುಣೆಯಲ್ಲಿ ಮನಶ್ಶಾಸ್ತ್ರ ಓದಿ, ಮುಂಬೈ, ನೈರೋಬಿ, ಲಂಡನ್ ಎಂದು ತಿರುಗಿ, ಎಲ್ಲಿಯೂ ಬೇರು ಬಿಡದೆ ಕೊನೆಗೆ ಸೊಲ್ಲಾಪುರದಲ್ಲಿ ಒಂದು ಚಾದರ ಅಂಗಡಿಯ ಮೇಲೆ ಕೋಣೆ ಹಿಡಿದೆ. ನನ್ನ ಪದ್ಧತಿ ಸರಳ. ಒಬ್ಬರೇ ಬಂದರೆ ಅವರು ಹೇಳಿದ್ದನ್ನು ಕೇಳಬೇಕು, ಜೋಡಿ ಬಂದರೆ ಇಬ್ಬರ ನಡುವೆ ಸಿಕ್ಕಿಬಿದ್ದ ಮಾತನ್ನು ಬಿಡಿಸಬೇಕು, ಇಡೀ ಮನೆತನ ಬಂದರೆ ಯಾರೂ ಬಾಯಿ ಬಿಡದ ಮಾತು ಯಾವುದೆಂದು ಹುಡುಕಬೇಕು. ಕುರನೂರಿನ ಒಂದು ಮನೆತನ ನನ್ನ ಮೆಟ್ಟಿಲು ಹತ್ತುವ ತನಕ ಈ ಪದ್ಧತಿಯ ಮೇಲೆ ನನಗೂ ಭರವಸೆ ಇತ್ತು.

ಇದನ್ನು ಬರೆಯಲು ಆ ಮನೆಯ ಅತ್ತೆಯೇ ಒಪ್ಪಿಗೆ ಕೊಟ್ಟಿದ್ದಾಳೆ. ಆದರೂ ಹೆಸರು ಹೇಳುವುದಿಲ್ಲ, ಅದು ವೃತ್ತಿಧರ್ಮ. ಆ ಮನೆಯಲ್ಲೂ ಯಾರೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಜೋಡಿಗೆಂದು ಬಂದ ಒಂಟಿ

ಫೋನಿನಲ್ಲಿ ‘ಗಂಡ-ಹೆಂಡತಿ ಮಾತು ಬಿಟ್ಟಾರ್ರಿ, ಟೈಮ್ ಕೊಡ್ರಿ’ ಎಂದಿದ್ದರು. ಕೊಟ್ಟೆ. ಆ ಹೊತ್ತಿಗೆ ಸರಿಯಾಗಿ ಇಳಕಲ್ ಸೀರೆಯ ಹೆಣ್ಣುಮಗಳೊಬ್ಬಳು ಒಬ್ಬಳೇ ಬಂದು ಕೂತಳು.

“ಗಂಡ-ಹೆಂಡತಿ ಎಲ್ಲದಾರ್ರಿ?”

“ಅಂವ ಮನ್ಯಾಗ ಎಮ್ಮಿ ಹಿಂಡಾಕತ್ತಾನ. ಅಕಿ ಮುನಿಸಿಕೊಂಡು ಮೈಂದರ್ಗಿಗೆ ತವರಿಗೆ ಹೋಗಿ ಕುಂತಾಳ. ನಾ ಅಂವನ ಅವ್ವ. ಇಬ್ರಿಗೂ ಮಾತಾಡಾಕ ಬರಂಗಿಲ್ರಿ. ಏನು ಕೇಳೂದದ, ನನಗ ಕೇಳ್ರಿ.”

ಸಂಗತಿ ಗಂಭೀರವಾಗಿತ್ತು. ದೀಪಾವಳಿಯ ಪಾಡ್ಯದೊಳಗೆ ಸೊಸೆ ಮರಳಿ ಬರದಿದ್ದರೆ ಸಂಬಂಧ ಮುರಿಯುವುದು ಎಂದು ಎರಡೂ ಕಡೆಯ ಹಿರಿಯರು ಮಾತಾಡಿಕೊಂಡಿದ್ದರು. ಪಾಡ್ಯ ಹತ್ತಿರ ಬಂದಿತ್ತು.

ಎದುರಿಗೆ ಖಾಲಿ ಕುರ್ಚಿ ಇಟ್ಟು, ಇಲ್ಲದವರನ್ನು ಅಲ್ಲಿ ಇದ್ದಾರೆಂದು ಭಾವಿಸಿ ಮಾತಾಡಿಸುವ ಒಂದು ವಿಧಾನವಿದೆ. ಲಂಡನ್ನಿನಲ್ಲಿ ಅದನ್ನು ಕಲಿಯಲು ನಾನು ಬಹಳ ಒದ್ದಾಡಿದ್ದೆ. ಈಕೆ ಕೇಳದೆಯೇ ಶುರುಮಾಡಿದಳು. ಎಡಗಡೆ ಕುರ್ಚಿಗೆ ಹೋಗಿ ಸೆರಗು ಮುಂದಕ್ಕೆಳೆದು ಸೊಸೆಯಾದಳು, “ನನ್ನ ಜೋಡಿ ಒಂದು ಮಾತಾಡಂಗಿಲ್ಲಲ್ರಿ.” ಎದ್ದು ಬಲಗಡೆ ಕೂತು, ಕಾಲಮೇಲೆ ಕಾಲು ಹಾಕಿ ಮಗನಾದಳು, “ಏನ್ ಮಾತಾಡ್ಲಿ? ಕೆಲಸ ಇಲ್ಲೇನು ನಿನಗ?” ಜಗಳ ಏರಿತು. ಸೊಸೆ ಅತ್ತಳು, ಮಗ ಗದರಿದ. ಕೊನೆಗೆ ಆಕೆ ಸೊಸೆಯ ಕುರ್ಚಿಯಲ್ಲಿ ಕೂತು, ಕಣ್ಣೊರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದಳು.

“ಎಲ್ಲಾ ಖರೆ ಬಿಡ್ರಿ ಮೇಡಂ. ಆದ್ರ ನಮ್ಮ ಅತ್ತಿ ಮಾತ್ರ ಭಾಳ ಚಲೋ ಹೆಣ್ಮಗಳು.”

ಸಿಂಗಲ್ಲೋ ಡಬಲ್ಲೋ

ಮಗ-ಸೊಸೆ ತಾವೇ ಬರಬೇಕು, ಇಬ್ಬರೇ ಬರಬೇಕು ಎಂದು ಒತ್ತಿ ಹೇಳಿ ಕಳಿಸಿದೆ. ಮುಂದಿನ ವಾರ ಕೆಳಗೆ ಎರಡು ಜೀಪು ನಿಂತವು. ಒಂದರಿಂದ ಕುರನೂರಿನ ಬೀಗರು, ಇನ್ನೊಂದರಿಂದ ಮೈಂದರ್ಗಿಯ ಬೀಗರು ಇಳಿಯುತ್ತಲೇ ಇದ್ದರು. ಇಬ್ಬರೇ ಎಂದಿದ್ದೆನಲ್ಲ ಎಂದು ಹುಡುಗಿಯ ಅಪ್ಪನನ್ನು ಕೇಳಿದೆ.

“ಇಬ್ಬರs ಬಂದಾರ್ರಿ. ನಾವು ಬರೇ ಜೋಡಿಗೆ ಬಂದೇವಿ.”

ಅಷ್ಟು ಜನ ಅಂಗಳದಲ್ಲಿ ನಿಂತದ್ದನ್ನು ಕಂಡ ಚಾದರ ಅಂಗಡಿಯವರು ಮದುವೆಯ ಬಟ್ಟೆ ಖರೀದಿಗೆ ಬಂದ ಗಿರಾಕಿ ಎಂದುಕೊಂಡರು. ನಾನು ಕುರ್ಚಿ ಹೊಂದಿಸಿ ಕೆಳಗಿಳಿಯುವಷ್ಟರಲ್ಲಿ ಎಲ್ಲರನ್ನೂ ಗಾದಿಯ ಮೇಲೆ ಕೂಡಿಸಿ, ಚಹಾ ತರಿಸಿ, ಗಡಗಡ ಚಾದರ ಬಿಚ್ಚಿ ಹರಡಿದ್ದರು. ಸಂಬಂಧ ಮುರಿಯುವುದೋ ಉಳಿಯುವುದೋ ಎಂದು ಬಂದ ಎರಡೂ ಕಡೆಯವರು ಬಣ್ಣ ಹೋಗುತ್ತದೆಯೇ ಎಂದು ಸೇರಿಯೇ ಉಜ್ಜಿ ನೋಡುತ್ತಿದ್ದರು.

“ಹೊಸಾ ಜೋಡಿಗೆ ಡಬಲ್ ಚಾದರ ಕೊಡ್ಲೇನ್ರಿ?” ಅಂಗಡಿಯವರು ಕೇಳಿದರು.

ಅತ್ತೆ ಮೇಲಿನ ಮಹಡಿಯನ್ನೊಮ್ಮೆ ನೋಡಿ ಲೆಕ್ಕ ಹಾಕಿದಳು.

“ಸದ್ಯ ಎರಡು ಸಿಂಗಲ್ ಕೊಟ್ಟಿರ್ರಿ. ಮ್ಯಾಲ ಏನಾಗ್ತದ ನೋಡೂಣು.”

ಗುಟ್ಟು ಬೇಡ

ಮೊದಲು ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕರೆದೆ. ಬಾಗಿಲು ಹಾಕಿ, ನಮ್ಮ ವೃತ್ತಿಯ ಮೊದಲ ಪಾಠವನ್ನು ಹೇಳಿದೆ. “ನೀ ಇಲ್ಲಿ ಏನು ಹೇಳಿದ್ರೂ ಈ ಕೋಣಿ ದಾಟಿ ಹೋಗೂದಿಲ್ಲವ್ವಾ.”

ಹುಡುಗಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಹಂಗಾರ ನಾ ಯಾಕ ಹೇಳ್ಲಿ ಮೇಡಂ? ಹೊರಗ ಹೋಗ್ಲಿ ಅಂತನs ಬಂದೀನಿ. ಒಳಗs ಇಟ್ಕೊಳ್ಳಾಕ ನನ್ನ ಹೊಟ್ಟಿ ಸಾಲದೇನು?”

ಇಷ್ಟು ದೇಶ ತಿರುಗಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬಾಗಿಲನ್ನು ಸ್ವಲ್ಪ ತೆರೆದಿಟ್ಟೆ. ಆಕೆ ನಿರಾಳವಾಗಿ ಕೂತು, ಹೊರಗಿನವರಿಗೆ ಕೇಳಿಸುವ ಹಾಗೆ ಹೇಳಿದಳು.

“ಇವರ ಮನ್ಯಾಗ ಒಂದೊಂದು ಎಮ್ಮಿಗೂ ಹೆಸರದ. ಗಂಗಿ, ಗೌರಿ, ರಾಣಿ. ರಾಣಿಗಂತೂ ಇವರು ಮೈ ತಿಕ್ಕೋತ ದಿನದ ಸುದ್ದಿಯೆಲ್ಲಾ ಹೇಳ್ತಾರ. ನನಗ ‘ಏ’ ಅಂತಾರ. ಅದೂ ಅಪರೂಪಕ್ಕ, ಇಲ್ಲಂದ್ರ ತಮ್ಮ ಅವ್ವಗ ‘ಅಕಿಗೆ ಹೇಳು’ ಅಂತಾರ. ನನ್ನ ಹೆಸರು ಹಿಡದು ಒಂದ್ಸಲ ಕರೀಲಿ, ಈಗಿಂದೀಗ ಜೀಪ್ ಹತ್ತತೀನಿ. ಇಲ್ಲಂದ್ರ ಇಲ್ಲ.”

ಹುಡುಗ ಒಳ್ಳೆಯವನು, ನಾಚಿಕೆಯ ಸ್ವಭಾವ. ಯಾಕಪ್ಪಾ ಎಂದು ಕೇಳಿದರೆ ನೆಲ ನೋಡಿದ.

“ಹಿರ್ಯಾರ ಮುಂದ ಹೇಂತಿ ಹೆಸರು ಹಿಡದ್ರ ನಗ್ತಾರ್ರಿ.”

“ಹಿರ್ಯಾರು ಇಲ್ಲದಾಗ ಕರೀಬಹುದಲ್ಲ?”

ಅವನು ಮೊದಲ ಸಲ ತಲೆಯೆತ್ತಿ ನನ್ನನ್ನೇ ಕನಿಕರದಿಂದ ನೋಡಿದ.

“ನಮ್ಮ ಮನ್ಯಾಗ ಹಿರ್ಯಾರು ಇಲ್ಲದ್ದು ಯಾವಾಗ್ರಿ ಮೇಡಂ?”

ಯಾರಾಕಿ?

ಎಲ್ಲರನ್ನೂ ಒಳಗೆ ಕರೆದೆ. ಗಂಡ-ಹೆಂಡತಿಯನ್ನು ಎದುರುಬದುರು ಕೂಡಿಸಿ, “ಒಬ್ಬರಿಗೊಬ್ಬರು ಹೆಸರು ಹಿಡಿದು ಮಾತಾಡಿರಿ” ಎಂದೆ. ಹುಡುಗಿಯ ಅವ್ವ ನನ್ನ ಕಿವಿಯ ಹತ್ತಿರ ಬಂದಳು. “ಬರೇ ಹೆಸರು ಹೆಂಗ ಹೇಳ್ತಾರ್ರಿ? ಒಡಪು ಕಟ್ಟಿ ಹೇಳಾಕ ಹಚ್ರಿ.”

ಲಗ್ನದಲ್ಲಿ, ಬಸುರಿಯ ಕುಪ್ಪಸದ ಕಾರ್ಯದಲ್ಲಿ ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವ ಒಡಪು ನನಗೂ ಗೊತ್ತಿದ್ದದ್ದೇ. ಚಿಕಿತ್ಸೆಗೆ ಬರುತ್ತದೆಂದು ಮಾತ್ರ ಗೊತ್ತಿರಲಿಲ್ಲ. ಹುಡುಗಿ ಗಂಟಲು ಸರಿಮಾಡಿಕೊಂಡಳು. ಗಂಡನ ಹೆಸರಿದ್ದಲ್ಲಿ ನಾನು ‘ಇಂಥವರು’, ಹೆಂಡತಿಯ ಹೆಸರಿದ್ದಲ್ಲಿ ‘ಇಂಥಾಕಿ’ ಎಂದು ಬರೆದಿದ್ದೇನೆ.

“ಹಾಲಿಗೆ ಹೆಪ್ಪು ಹಾಕಿದ್ರ ಮುಂಜಾನಿಗೆ ಮಸರು,
ಇಂಥವರಿಗೆ ಎಮ್ಮಿ ಹೆಸರೆಲ್ಲಾ ನೆನಪದ, ಮರತದ ನನ್ನ ಹೆಸರು.”

ಮೈಂದರ್ಗಿಯ ಕಡೆಯವರು ಚಪ್ಪಾಳೆ ಹೊಡೆದರು. ಈಗ ಎಲ್ಲರ ಕಣ್ಣೂ ಹುಡುಗನ ಮೇಲೆ. ಅವನ ಕಿವಿ ಕೆಂಪಾದವು. ತಲೆಯೆತ್ತಿ ಫ್ಯಾನ್ ನೋಡಿದ. ಹುಡುಗಿ ಮುಖ ತಿರುಗಿಸಿ ಏಳುವುದರಲ್ಲಿದ್ದಳು, ಅಷ್ಟರಲ್ಲಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

“ಬೋರಿ ಹೊಳಿ ತುಂಬಿದ್ರ ಕಬ್ಬಿಗೆ ನೀರು,
ಇಂಥಾಕಿ ಹೋದಾಗಿಂದ ಮನ್ಯಾಗ ರುಚಿ ಇಲ್ಲ ಸಾರು.”

“ಸಾರು ನಾ ಮಾಡಾಕತ್ತೀನಲ್ಲೋ” ಎಂದಳು ಅತ್ತೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಹುಡುಗಿ ನಗುತ್ತಿದ್ದಳು, ಅವಳವ್ವ ಅಳುತ್ತಿದ್ದಳು. ನಾನು ಮನಸ್ಸಿನಲ್ಲೇ ಲಂಡನ್ನಿನ ಗುರುಗಳಿಗೆ ಕ್ಷಮಾಪಣೆ ಕೇಳುತ್ತಿದ್ದೆ.

ಅಲ್ಲಿಗೇ ಎಲ್ಲರನ್ನೂ ಕಳಿಸಬೇಕಿತ್ತು. ಹುಡುಗಿಯ ಅಪ್ಪ ಖುಷಿಯಲ್ಲಿ, ಮೂಲೆಯಲ್ಲಿ ಟೋಪಿ ಹಿಡಿದು ಕೂತಿದ್ದ ಮಾವನನ್ನು, ಹುಡುಗನ ಅಪ್ಪನನ್ನು, ಕೆಣಕಿದ. “ಬೀಗರs, ನೀವೂ ಒಂದು ಆಗ್ಲಿ.” ಆತ ಬೇಡವೆನ್ನಬಹುದು ಎಂದುಕೊಂಡೆ. ಎದ್ದು ನಿಂತ, ಟೋಪಿ ಹಾಕಿಕೊಂಡ.

“ತುಳಸಿ ಕಟ್ಟಿಗೆ ಸಂಜಿ ದೀಪ,
ಇಂಥಾಕಿ ಮಾರಿ ಚಂದ, ಬರಬಾರದು ಕ್ವಾಪ.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆತ ಹೇಳಿದ ಹೆಸರು ಅತ್ತೆಯ ಹೆಸರಾಗಿರಲಿಲ್ಲ.

ಅತ್ತೆಯ ದನಿ ತಣ್ಣಗಿತ್ತು. “ಯಾರಾಕಿ?”

“ಯಾರಾಕಿ ಅಂದ್ರ? ನೀನs.”

“ನನ್ನ ಹೆಸರು ಇಡೀ ಕುರನೂರಿಗೆ ಗೊತ್ತದ. ಇಕಿ ಯಾರು, ಅದನ್ನ ಹೇಳ್ರಿ.”

ಮಾವ ಟೋಪಿ ಮತ್ತೆ ತೆಗೆದ. “ಲಗ್ನದಾಗ ಪದ್ಧತಿ ಪ್ರಕಾರ ತಾಟಿನ್ಯಾಗ ಅಕ್ಕಿ ಹರವಿ, ನಿನಗ ಹೊಸಾ ಹೆಸರು ಬರದಿದ್ದೆನಲ್ಲ, ಅದs.”

“ನನಗ ಓದಾಕ ಬರ್ತದೇನು? ಅಕ್ಕ್ಯಾಗ ಏನೋ ಗೆರಿ ಎಳದ್ರು ಅಂದ್ಕೊಂಡಿದ್ದೆ.”

“ಬಾಯಿಲೆನೂ ಹೇಳಿದ್ದೆ. ಬಾಜಾದ ಗದ್ದಲದಾಗ ಯಾರಿಗೂ ಕೇಳಲಿಲ್ಲ. ಮತ್ತ ಹೇಳಾಕ ನಾಚಿಕಿ ಬಂತು.”

“ಇಷ್ಟು ವರ್ಷ?”

“ದಿನಾ ಅಂತಿದ್ದೆ, ಮನಸಿನ್ಯಾಗ. ಬಾಯಿಲೆ ‘ಕೇಳಿಲ್ಲಿ’ ಅಂತಿದ್ದೆ.”

ಅತ್ತೆ ಆ ಹೆಸರನ್ನು ತಾನೇ ಒಮ್ಮೆ ಸಣ್ಣದಾಗಿ ಅಂದು ನೋಡಿದಳು. ಕಣ್ಣಲ್ಲಿ ನೀರು ಬಂತು, ಬೆನ್ನಿಗೇ ಸಿಟ್ಟೂ ಬಂತು. ಚೀಲ ಹೆಗಲಿಗೇರಿಸಿ ಸರಸರ ಮೆಟ್ಟಿಲಿಳಿದಳು. ಹಿಂದೆಯೇ ಎಲ್ಲರೂ ಇಳಿದರು. ನಾನು ಕಿಟಕಿಯಿಂದ ನೋಡಿದೆ. ಮಗ-ಸೊಸೆ ಕುರನೂರಿನ ಜೀಪಿನಲ್ಲಿ ಪಕ್ಕಪಕ್ಕದಲ್ಲಿ ಕೂತಿದ್ದರು. ಅತ್ತೆ ಹೋಗಿ ಮೈಂದರ್ಗಿಯ ಜೀಪು ಹತ್ತಿದಳು.

“ಊರ ಮಂದಿ ಮುಂದ ಆ ಹೆಸರಿಲೆ ಕರೀಲಿ, ಆವಾಗ ಬರ್ತೀನಿ.”

ಮಾವ ರಸ್ತೆಯ ನಡುವೆ ಟೋಪಿ ಹಿಡಿದು ನಿಂತ. ಹುಡುಗಿಯ ಅಪ್ಪ ಏದುಸಿರು ಬಿಡುತ್ತ ಮೇಲೆ ಬಂದ.

“ಮೇಡಂ, ಮುಂದಿನ ವಾರ ಒಂದು ಟೈಮ್ ಕೊಡ್ರಿ. ಮಗಳನ್ನ ಕಳಸಾಕ ಬಂದಿದ್ವಿ, ಬೀಗತಿನ್ನ ಕರ್ಕೊಂಡು ಹೊಂಟೇವಿ.”