ಬೆಳಿಗ್ಗೆ ಹೋಗಿ ಸಂಜೆ ವಾಪಸ್

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ನಾನು ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ಪಾತ್ರೆ ಅಂಗಡಿಯ ಗಲ್ಲಾದ ಮೇಲೆ ಕೂತಿದ್ದಷ್ಟು ಕಾಲ ಏನೂ ಆಗಿರಲಿಲ್ಲ. ಎದ್ದು ವ್ಯಾನ್ ಹತ್ತಿದೆ ನೋಡಿ, ಶುರುವಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಸಾಗರದಲ್ಲಿ ಅಣ್ಣನದೂ ನನ್ನದೂ ಸೇರಿ ಒಂದು ಪಾತ್ರೆ ಅಂಗಡಿ. ಶಿವಮೊಗ್ಗದಿಂದ ಸರಕು ತರಲು ಮೆಟಡೋರ್ ವ್ಯಾನ್ ಕೊಂಡಿದ್ದೆವು. ಭಾನುವಾರ ಅದು ಅಂಗಡಿ ಎದುರು ಸುಮ್ಮನೆ ನಿಂತಿರುತ್ತಿತ್ತು. ಸುಮ್ಮನೆ ನಿಂತದ್ದನ್ನು ಕಂಡರೆ ವ್ಯಾಪಾರಿಗೆ ಮೈ ತುರಿಸುತ್ತದೆ. ಸೀಟು ಹಾಕಿಸಿ, ಅಂಗಡಿ ಬಾಗಿಲಿಗೆ ಬೋರ್ಡು ತೂಗುಹಾಕಿದೆ: 'ಇಕ್ಕೇರಿ, ಕೆಳದಿ, ಲಾಂಚಿನಲ್ಲಿ ಸಿಗಂದೂರು. ಬೆಳಿಗ್ಗೆ ಹೋಗಿ ಸಂಜೆ ವಾಪಸ್. ವಿವರಣೆ ಸಹಿತ.' ವ್ಯಾನ್ ಓಡಿಸಲು ಒಬ್ಬ ಡ್ರೈವರ್ ಇದ್ದ, ವಿವರಣೆ ಕೊಡುವವನು ನಾನೇ.

ಇಕ್ಕೇರಿ, ಕೆಳದಿ ಎರಡೂ ಸಾಗರಕ್ಕೆ ಹತ್ತಿರ. ಅವನ್ನು ಮುಗಿಸಿ ಹೊಳೆಬಾಗಿಲಿನಲ್ಲಿ ವ್ಯಾನನ್ನೂ ಡ್ರೈವರನನ್ನೂ ಬಿಟ್ಟು, ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿ, ಆಚೆ ದಡದಿಂದ ಜೀಪಿನಲ್ಲಿ ದೇವಿಯ ದರ್ಶನಕ್ಕೆ. ಸಂಜೆಯ ಕೊನೇ ಲಾಂಚಿಗೆ ಹಿಂದಕ್ಕೆ. ಅದು ತಪ್ಪಿದರೆ ಆವತ್ತಿಗೆ ಆಚೆ ದಡವೇ ಗತಿ.

ಅಣ್ಣ ಬೋರ್ಡನ್ನು ಎರಡು ಸಲ ಓದಿದ. "ನೋಡು ತಮ್ಮಾ, ಇದರ ಮೇಲೆ ಅಂಗಡಿ ಹೆಸರಿದೆ. ಸಂಜೆ ವಾಪಸ್ ಅಂದ್ರೆ ಸಂಜೆ ವಾಪಸ್ ಬರ್ಬೇಕು. ತೂತು ಬಿಂದಿಗೆ ಮಾರಿದ ಹಾಗೆ ಆಗ್ಬಾರ್ದು," ಅಂದ.

ಬಿಂದಿಗೆ ತೂತಾಗಲು ಒಂದು ವಾರವೂ ಹಿಡಿಯಲಿಲ್ಲ.

ಕೆಳದಿಯ ಕೇಸರಿಬಾತು

ಮೊದಲ ಟೂರಿಗೆ ತೀರ್ಥಹಳ್ಳಿ ಕಡೆಯ ಗೌಡರೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಉಳಿದ ಸೀಟಿಗೆ ನಮ್ಮ ಪೇಟೆಯ ಇಬ್ಬರು ಗುಮಾಸ್ತರು.

ಕೆಳದಿ ದೇವಸ್ಥಾನದ ಛಾವಣಿಯಲ್ಲಿ ಗಂಡಭೇರುಂಡ ಕೆತ್ತಿದ್ದಾರೆ. ನಾನು ಕತ್ತೆತ್ತಿ, ಕೈ ಎತ್ತಿ, ರಾಜರ ಕಾಲದಿಂದ ವಿವರಣೆ ಶುರುಮಾಡಿದೆ. ಕತ್ತು ನೋವು ಬಂದು ಕೆಳಗೆ ನೋಡಿದರೆ ಹಿಂದೆ ಒಬ್ಬರೂ ಇಲ್ಲ. ಅಷ್ಟು ಹೊತ್ತೂ ನಾನು ಒಂದು ನಾಯಿಗೆ ಇತಿಹಾಸ ಹೇಳಿದ್ದೆ.

ಎಲ್ಲರೂ ನೀರು ಕುಡಿಯಲು ಹತ್ತಿರದ ಒಂದು ಮನೆಗೆ ಹೋಗಿದ್ದರು. ನೀರು ಬೆಲ್ಲ ತಂದುಕೊಟ್ಟ ಹುಡುಗಿ ಗೌಡರ ಹೆಂಡತಿಯ ಕಣ್ಣಿಗೆ ಬಿದ್ದಿದ್ದಳು. ನಾನು ಹೋಗುವಷ್ಟರಲ್ಲಿ ಯಾವ ಬಳಿ, ಯಾವ ಕುಲ ಎಂದು ಕೇಳಿಯಾಗಿತ್ತು, ಸಂಬಂಧ ಕೂಡುತ್ತದೆ ಎಂದು ಗೊತ್ತಾಗಿತ್ತು, ಒಳಗೆ ರವೆ ಹುರಿಯುವ ವಾಸನೆ ಬರುತ್ತಿತ್ತು.

"ಅಮ್ಮಾ, ದೇವಸ್ಥಾನ ಆ ಕಡೆ," ಅಂದೆ.

"ದೇವಸ್ಥಾನ ಎಲ್ಲಿಗೂ ಹೋಗೂದಿಲ್ಲ ಸಾವ್ಕಾರ್ರೆ. ಇಂಥ ಹುಡ್ಗಿ ಹೋಗ್ತಾಳೆ. ನಮ್ಮ ಅಣ್ಣನ ಮಗನಿಗೆ ಹೇಳಿ ಮಾಡಿಸಿದ ಹಾಗಿದಾಳೆ. ಬನ್ನಿ, ಕೂತ್ಕೊಳ್ಳಿ."

ಹುಡುಗಿಯ ಅಜ್ಜಿ ನಮ್ಮ ಗುಂಪನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನೋಡಿ, ಗುಮಾಸ್ತರ ಹತ್ತಿರ ಕಣ್ಣು ನಿಲ್ಲಿಸಿ ಕೇಳಿದಳು: "ಇದರಲ್ಲಿ ಹುಡುಗ ಯಾರು?"

"ಹುಡುಗ ಇಲ್ಲಿಲ್ಲಮ್ಮ, ಹೊಸನಗರದಲ್ಲಿದಾನೆ."

"ಅವನಿಗೆ ವಿಷಯ ಗೊತ್ತಾ?"

"ಅವನಿಗೆ ಹೋಗಿ ಹೇಳಿದ್ರಾಯ್ತು."

ನಾನು ಗಡಿಯಾರ ನೋಡುತ್ತ ಬಾಗಿಲಲ್ಲಿ ನಿಂತೆ. ಗೌಡರು ನನ್ನ ಕೈ ಹಿಡಿದು ಒಳಗೆ ಎಳೆದರು. "ನೀವು ಹೊರಗಿನೋರು, ವ್ಯಾಪಾರಸ್ಥರು. ಕೊಡೋ ತಗೊಳ್ಳೋ ಮಾತು ನೀವಾಡಿದ್ರೇ ಚೆಂದ." ಹಾಗೆ ಗಂಡಭೇರುಂಡ ಬಿಟ್ಟು ಮದುವೆ ಮಾತಿಗೆ ಕೂತೆ. ಕೇಸರಿಬಾತು ಬಂತು. ಗುಮಾಸ್ತರು ಎರಡನೇ ಸಲ ಹಾಕಿಸಿಕೊಂಡರು. ಹೊಳೆಬಾಗಿಲು ಮುಟ್ಟಿದಾಗಲೇ ಹೊತ್ತು ಮೀರಿತ್ತು. ದರ್ಶನ ಮುಗಿಸಿ ಬರುವಾಗ ಕೊನೇ ಲಾಂಚು ನೀರಿನ ನಡುವೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು.

ಮದುವೆಯೇನೋ ಆಯಿತು. ಆದರೆ ಮದುವೆಯ ಪಾತ್ರೆಯನ್ನೆಲ್ಲ ಶಿವಮೊಗ್ಗದಿಂದ ತರಿಸಿದರು. ತಡೆಯದೆ ಕೇಳಿಯೇಬಿಟ್ಟೆ. ಗೌಡರು ಹೇಳಿದರು: "ಬೇಜಾರು ಮಾಡ್ಕೋಬೇಡಿ ಸಾವ್ಕಾರ್ರೆ. ಜನರನ್ನೇ ಹೊತ್ತಿಗೆ ಸರಿಯಾಗಿ ತಲುಪಿಸದೇ ಇದ್ದೋರು ನೀವು, ಪಾತ್ರೆ ತಲುಪಿಸ್ತೀರಿ ಅಂತ ಹೇಗೆ ನಂಬೂದು?"

ನೀರಿನ ಕೆಳಗಿನ ಬೇಲಿ

ಇನ್ನೊಂದು ಭಾನುವಾರ ಇಬ್ಬರು ಮುದುಕರು ಬಂದರು. ಒಬ್ಬರು ಹೊಸನಗರದ ಕಡೆಯವರು, ಇನ್ನೊಬ್ಬರು ಸಾಗರದ ಹತ್ತಿರದವರು. ಬೇರೆ ಬೇರೆಯಾಗಿ ಟಿಕೆಟ್ ತೆಗೆದುಕೊಂಡವರು. ವ್ಯಾನಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಇಬ್ಬರೂ ಕಿಟಕಿಗೆ ತಿರುಗಿಕೊಂಡರು. ಎಲ್ಲ ಸುಸೂತ್ರವಾಗಿ ನಡೆಯುತ್ತಿದೆ ಎಂದು ನಾನೂ ಬುದ್ಧಿಯಿಲ್ಲದೆ ಸಮಾಧಾನಪಟ್ಟೆ.

ಲಾಂಚು ಹಿನ್ನೀರಿನ ನಡುವೆ ಬಂದಾಗ ಹೊಸನಗರದವರು ಎದ್ದು ನಿಂತು ಲಾಂಚಿನ ಡ್ರೈವರನಿಗೆ ಕೂಗಿದರು: "ಏಯ್, ನಿಲ್ಸಪ್ಪ! ಈ ಮನುಷ್ಯ ನನ್ನ ಗದ್ದೆ ಮೇಲೆ ಹೋಗ್ತಾ ಇದಾನೆ!"

ಆಮೇಲೆ ತಿಳಿಯಿತು. ಅಣೆಕಟ್ಟು ಕಟ್ಟುವ ಮೊದಲು ಇಬ್ಬರೂ ಅಕ್ಕಪಕ್ಕದ ಜಮೀನಿನವರು. ಬೇಲಿ ಎಲ್ಲಿ ಬರಬೇಕು ಎನ್ನುವುದಕ್ಕೆ ತಂದೆಯ ಕಾಲದಿಂದ ಜಗಳ. ಜಗಳ ತೀರುವ ಮೊದಲೇ ನೀರು ಬಂತು. ಮನೆ ಮುಳುಗಿತು, ಗದ್ದೆ ಮುಳುಗಿತು, ಸರ್ಕಾರ ಪರಿಹಾರ ಕೊಟ್ಟು ಒಬ್ಬೊಬ್ಬರನ್ನು ಒಂದೊಂದು ದಿಕ್ಕಿಗೆ ಕಳಿಸಿತು. ಬೇಲಿ ಮಾತ್ರ ಇಬ್ಬರ ಜೊತೆಗೂ ಹೋಗಿತ್ತು.

"ಯಜಮಾನ್ರೆ, ಇಲ್ಲಿ ಕೆಳಗೆ ಆಳುಗಟ್ಟಲೆ ನೀರಿದೆ," ಅಂದ ಡ್ರೈವರ್.

"ಇರ್ಲಿ. ನೀರು ಸರ್ಕಾರದ್ದು. ಅಡೀಲಿರೋ ಗದ್ದೆ ನಂದು. ಇವನಿಗೆ ನಾನು ದಾರಿ ಬಿಟ್ಟಿಲ್ಲ."

ಸಾಗರದವರು ಕೂತಲ್ಲಿಂದಲೇ ಗುಡ್ಡದ ಕಡೆ ಬೆರಳು ತೋರಿಸಿದರು. "ಇವನ ಗದ್ದೆ ಎಲ್ಲಿಂದ ಬಂತು ಇಲ್ಲಿ? ಆ ಗುಡ್ಡದ ಮೂಗು ನೋಡಿ, ಅಲ್ಲಿಂದ ನೆಟ್ಟಗೆ ಬಂದ್ರೆ ಇದು ನಮ್ಮ ಹಲಸಿನ ಮರ. ನಾವೀಗ ಮರದ ತುದೀಲಿದೀವಿ."

"ಮರ ನಿಂದಾ? ಹಣ್ಣು ತಿಂದಿದ್ದು ಯಾರು?"

"ಕದ್ದು ತಿಂದಿದ್ದು ನೀನು!"

ಲಾಂಚಿನವರೆಲ್ಲ ನಗುತ್ತಿದ್ದರು. ಇಬ್ಬರೂ ಬಗ್ಗಿ ನೀರು ನೋಡತೊಡಗಿದಾಗ ನಗು ನಿಂತಿತು. ಕೊನೆಗೆ ಒಬ್ಬರು, "ಹಣ್ಣು ಮಾತ್ರ ಭಾರಿ ಸಿಹಿ ಇತ್ತು," ಅಂದರು. ಇನ್ನೊಬ್ಬರು ಹೌದೆಂದು ತಲೆಯಾಡಿಸಿದರು. ಬಗೆಹರಿಯಿತು ಎಂದುಕೊಂಡೆ.

ಎಲ್ಲಿಯ ಬಗೆಹರಿಯುವುದು! ಸಂಜೆ ಹಿಂದಕ್ಕೆ ಹೊರಡುವಾಗ ಹೊಸನಗರದವರು, "ಅವನು ಮೊದ್ಲು ಹೋಗ್ಲಿ, ನಾನು ಆಮೇಲೆ ಬರ್ತೀನಿ," ಅಂದರು. ಸಾಗರದವರೂ ಅದನ್ನೇ ಅಂದರು. "ಆಮೇಲೆ ಲಾಂಚೇ ಇಲ್ಲ ಮಾರಾಯ್ರೆ!" ಎಂದು ಕಾಲು ಹಿಡಿಯುವುದೊಂದು ಬಾಕಿ. ಇವರಿಬ್ಬರ ನಡುವೆ ನಾನು ಓಡಾಡುತ್ತಿರುವಾಗ ಲಾಂಚು ಉಳಿದ ಜನರನ್ನು ಕರೆದುಕೊಂಡು ಹೋಯಿತು. ನಾವು ಮೂವರು ದಡದಲ್ಲಿ ಉಳಿದೆವು.

ಮಾರನೇ ದಿನ ಅಂಗಡಿ ಮುಂದೆ ಇಳಿದು ಹೊರಡುವಾಗ ಇಬ್ಬರೂ ಬೇಸಿಗೆಯ ಟೂರಿಗೆ ಹೆಸರು ಬರೆಸಿದರು. ನೀರು ಇಳಿದು ನೆಲ ಕಂಡರೆ ಬೇಲಿ ತೋರಿಸಬಹುದಂತೆ. ಹೊಸನಗರದವರು ತಿರುಗಿ ಬಂದು ಕೇಳಿದರು: "ಜೊತೆಗೆ ಸರ್ವೆಯವನನ್ನ ಕರ್ಕೊಂಡು ಬರ್ತೀನಿ. ಅವನಿಗೂ ಪೂರ್ತಿ ಟಿಕೆಟ್ಟಾ?"

ಮೊದಲು ಹೋದ ಚೀಲಗಳು

ಭಾನುವಾರ ರಾಹುಕಾಲ ಬರುವುದು ಸಂಜೆ ನಾಲ್ಕೂವರೆಗೆ. ಕೊನೇ ಲಾಂಚು ಹೊರಡುವುದು ಐದೂವರೆಗೆ. ವ್ಯಾಪಾರದಲ್ಲಿ ಎಲ್ಲ ಲೆಕ್ಕ ಹಾಕುವ ನಾನು ಈ ಲೆಕ್ಕ ಮರೆತಿದ್ದೆ. ನೆನಪಿಸಿದವರು ಟೂರಿಗೆ ಬಂದಿದ್ದ ಒಬ್ಬ ಅಜ್ಜಿ.

"ರಾಹುಕಾಲದಲ್ಲಿ ನೀರಿನ ಮೇಲೆ ಕಾಲಿಡೂದಾ? ನಾ ಒಲ್ಲೆ," ಅಂದರು. ಅವರು ಒಲ್ಲೆ ಅಂದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು.

ನಾನು ಬಿಡುವವನಲ್ಲ. ನಮ್ಮಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆಯಲ್ಲ. ಒಳ್ಳೆಯ ಹೊತ್ತಿನಲ್ಲಿ ಒಂದು ಗಂಟನ್ನು ಮನೆಯಿಂದ ಹೊರಗೆ ಕಳಿಸಿಬಿಟ್ಟರೆ ಪ್ರಯಾಣ ಶುರುವಾದ ಹಾಗೆ, ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. "ಅಜ್ಜೀ, ಇನ್ನೂ ನಾಲ್ಕೂವರೆ ಆಗಿಲ್ಲ. ಚೀಲ ಎಲ್ಲ ಈಗಲೇ ಲಾಂಚಿನಲ್ಲಿಡೋಣ. ಲಾಂಚು ಹೊರಡೋ ಹೊತ್ತಿಗೆ ನಾವು ಆರಾಮಾಗಿ ಹತ್ತಿದ್ರಾಯ್ತು," ಅಂದೆ.

ಅಜ್ಜಿ ನನ್ನನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದರು. "ಅಂಗಡಿ ಇಟ್ಟೋನಾದ್ರೂ ತಿಳುವಳಿಕೆ ಇದೆ."

ಎಲ್ಲರ ಚೀಲವನ್ನೂ ಲಾಂಚಿನಲ್ಲಿ ಸಾಲಾಗಿ ಇಟ್ಟೆವು. ಪ್ರಯಾಣ ಶುರುವಾಗಿಯೇ ಬಿಟ್ಟಿದೆ, ಇನ್ನೇನು ಅವಸರ ಎಂದು ಮರದ ನೆರಳಲ್ಲಿ ಕೂತು ಎಲೆಯಡಿಕೆ ಪೊಟ್ಟಣ ಬಿಚ್ಚಿದೆವು. ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಎಂಜಿನ್ನಿನ ಸದ್ದು ಕೇಳಿಸಿತು. ತಲೆ ಎತ್ತಿದರೆ ಲಾಂಚು ದಡ ಬಿಟ್ಟಿದೆ.

"ಏಯ್! ನಾವಿನ್ನೂ ಇಲ್ಲೇ ಇದೀವಿ!" ಎಂದು ಅರಚಿದೆ.

"ಡೀಸೆಲ್ ಮುಗೀತಾ ಬಂತು! ಇವತ್ತಿಗೆ ಇದೇ ಕೊನೇದು!" ಎಂದು ನೀರಿನ ಮೇಲಿಂದ ಉತ್ತರ ಬಂತು.

ಆವತ್ತು ನನ್ನ ಬೋರ್ಡಿನಲ್ಲಿದ್ದ ಪ್ರಕಾರ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದದ್ದು ಚೀಲಗಳು ಮಾತ್ರ. ಅಜ್ಜಿ ನನ್ನನ್ನು ಬೈಯಲಿಲ್ಲ. "ನೋಡ್ದ್ಯಾ, ಒಳ್ಳೇ ಹೊತ್ತಲ್ಲಿ ಹೊರಟಿದ್ದು ಹ್ಯಾಗೆ ಸುಖವಾಗಿ ಮುಟ್ತು," ಅಂದರು.

ಸೀಟಿ ಊದುವ ಹೆಡ್‌ಮಾಸ್ಟ್ರು

ಚೀಲದವರು ಸೋಮವಾರ ಅಂಗಡಿ ಮುಂದೆ ನಿಂತು ಕೂಗಾಡಿದರು. ಕುಕ್ಕರ್ ನೋಡುತ್ತಿದ್ದ ಗಿರಾಕಿ ಅದನ್ನು ಮೆತ್ತಗೆ ಕೆಳಗಿಟ್ಟು ಎದುರಿನ ಅಂಗಡಿಗೆ ಹೋದ. ಅಣ್ಣ ಆ ಗಿರಾಕಿಯ ಬೆನ್ನನ್ನೇ ನೋಡುತ್ತಿದ್ದ.

"ಇನ್ನೊಂದೇ ಸಲ," ಅಂದ. "ಬೋರ್ಡಿನಲ್ಲಿ ಬರ್ದಿದ್ದೆಲ್ಲ ತೋರ್ಸಿ ಎಲ್ಲರನ್ನೂ ಸಂಜೆ ಕರ್ಕೊಂಡು ಬಾ. ಇಲ್ಲಾಂದ್ರೆ ಬೋರ್ಡು ಇಳಿಸ್ತೀನಿ, ವ್ಯಾನ್ ಮಾರ್ತೀನಿ. ಅಂಗಡಿ ಹೆಸರು ಉಳಿಬೇಕು."

ಟೂರನ್ನು ಶನಿವಾರಕ್ಕೆ ಬದಲಾಯಿಸಿದೆ. ಆ ದಿನ ರಾಹುಕಾಲ ಬೆಳಿಗ್ಗೆಯೇ ಮುಗಿಯುತ್ತದೆ. ಪುಣ್ಯಕ್ಕೆ ಗಿರಾಕಿಗಳೂ ಶಿಸ್ತಿನವರೇ ಸಿಕ್ಕಿದರು. ಒಬ್ಬ ನಿವೃತ್ತ ಹೆಡ್‌ಮಾಸ್ಟ್ರು, ಅವರ ಜೊತೆಗಾರ ಮೇಷ್ಟ್ರುಗಳು. ಹೆಡ್‌ಮಾಸ್ಟ್ರ ಕೊರಳಲ್ಲಿ ಇನ್ನೂ ಸೀಟಿ ಇತ್ತು. ಸೀಟಿ ಊದಿದರೆ ಇಳಿಯುತ್ತಿದ್ದರು, ಊದಿದರೆ ಹತ್ತುತ್ತಿದ್ದರು. ಇಕ್ಕೇರಿ ಆಯಿತು. ಕೆಳದಿಯಲ್ಲಿ ಎಲ್ಲರೂ ಒಟ್ಟಿಗೆ ಕತ್ತೆತ್ತಿ ಗಂಡಭೇರುಂಡ ನೋಡಿದರು. ಯಾರೂ ನೀರು ಕೇಳಲಿಲ್ಲ. ಸಿಗಂದೂರಿನ ದರ್ಶನ ಮುಗಿಸಿ ದಡಕ್ಕೆ ಬಂದಾಗ ಕೊನೇ ಲಾಂಚಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ನನಗೆ ಅಳು ಬರುವುದೊಂದು ಬಾಕಿ.

ಲಾಂಚಿನವನಿಗೂ ಹೆಡ್‌ಮಾಸ್ಟ್ರಿಗೂ ಕಟ್ಟಪ್ಪಣೆ ಮಾಡಿದೆ: "ಹೊತ್ತಾದ ಮೇಲೆ ಯಾರಿಗೂ ಕಾಯ್ಬೇಡಿ. ಯಾರೇ ಕೂಗ್ಲಿ, ಕೈಬೀಸ್ಲಿ, ಹೊರಟುಬಿಡಿ."

ಆಗ ನನ್ನ ರಟ್ಟೆ ಯಾರೋ ಹಿಡಿದರು. ತಿರುಗಿದರೆ ಅಣ್ಣನ ಅತ್ತೆ, ಅತ್ತಿಗೆಯ ತಾಯಿ. ಅವರ ಮನೆ ಆ ದಡದಲ್ಲೇ, ಗುಡ್ಡದ ಬುಡದಲ್ಲಿ. ನಾನು ಹೋಗಿ ಬಂದು ಮಾಡಿದಷ್ಟೂ ದಿನ ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ.

"ಇದು ಮಗಳಿಗೆ," ಎಂದು ಹಲಸಿನ ಹಪ್ಪಳದ ಕಟ್ಟು ಕೊಟ್ಟರು. ಅದನ್ನು ಹೆಡ್‌ಮಾಸ್ಟ್ರ ಕೈಗೆ ದಾಟಿಸಿದೆ. "ಬರ್ತೀನಿ ಅತ್ತೆ," ಅಂದೆ.

"ಎಂಥ ಬರ್ತೀನಿ? ಬೀಗರ ಮನೆ ಬಾಗಿಲ ಮುಂದೆ ಹೋಗ್ತೀಯ, ಒಂದು ಲೋಟ ಕಾಫಿ ಕುಡ್ದಿಲ್ಲ ಅಂದ್ರೆ ನಾಳೆ ನನ್ನ ಮಗಳು ಏನಂದಾಳು? ನಿನ್ನ ಅಣ್ಣ ಏನಂದಾನು?"

ಅಣ್ಣ ಏನನ್ನುತ್ತಾನೆ ಎನ್ನುವುದೇ ನನ್ನ ಚಿಂತೆಯೂ ಆಗಿತ್ತು. ಮುಕ್ಕಾಲು ಗಂಟೆ ಇದೆಯಲ್ಲ, ಒಂದು ಲೋಟ ಕಾಫಿಗೆ ಎಷ್ಟು ಹೊತ್ತು ಎಂದು ಹೋದೆ. ಒಲೆ ಹೊತ್ತಿಸಿದರು. ನೀರು ಕುದಿಯಿತು. ನಾನು ಜಗಲಿಯ ತುದಿಯಲ್ಲಿ ಚಪ್ಪಲಿ ಹಾಕಿಕೊಂಡೇ ಕೂತಿದ್ದೆ.

"ಆಯ್ತಾ ಅತ್ತೆ?"

"ಆಯ್ತು ಆಯ್ತು. ಹಾಲು ಕರೆದ್ರೆ ಮುಗೀತು."

"ಕರೀರಲ್ಲ!"

"ಎಮ್ಮೆ ಗುಡ್ಡದಿಂದ ಬರ್ಲಿ ಮಾರಾಯ. ಇನ್ನೇನು ಬರೋ ಹೊತ್ತು."

ಬೀಗರ ಮನೆಯಲ್ಲಿ ಕರಿಕಾಫಿ ಕೊಡಿ ಎನ್ನುವ ಹಾಗಿಲ್ಲ. ಎಮ್ಮೆ ಬರುವಾಗ ಬಂತು. ಕಾಫಿಯನ್ನು ಬಾಯಿ ಸುಟ್ಟುಕೊಂಡು ಕುಡಿದು ಓಡಿದೆ. ದಡದ ಇಳಿಜಾರಿಗೆ ಬರುವಾಗ ಹೆಡ್‌ಮಾಸ್ಟ್ರು ಸೀಟಿ ಊದಿದ್ದು ಕೇಳಿಸಿತು. ಲಾಂಚು ಹೊರಟಿತು. ಎರಡೂ ಕೈ ಎತ್ತಿ ಬೀಸುತ್ತ, "ನಿಲ್ಸಿ! ನಿಲ್ಸಿ!" ಎಂದು ಕಿರುಚಿದೆ. ಎಂಜಿನ್ ಸದ್ದಿಗೆ ಯಾರಿಗೆ ಕೇಳಬೇಕು? ಹೆಡ್‌ಮಾಸ್ಟ್ರು ನನ್ನನ್ನು ನೋಡಿದರು. ಇನ್ನೊಂದು ಸಲ ಸೀಟಿ ಊದಿದರು. ಮೇಷ್ಟ್ರುಗಳೆಲ್ಲ ಎದ್ದು ನಿಂತು ನನಗೆ ಕೈಬೀಸಿದರು.

ಮಾರನೇ ದಿನ ಮಧ್ಯಾಹ್ನ ಸಾಗರಕ್ಕೆ ಬಂದೆ. ಬೋರ್ಡು ಇಳಿದಿರುತ್ತದೆ ಎಂದು ತಲೆ ತಗ್ಗಿಸಿಕೊಂಡೇ ಅಂಗಡಿಗೆ ಹೋದೆ. ಬೋರ್ಡು ಇದ್ದಲ್ಲೇ ಇತ್ತು. ಅದಕ್ಕೊಂದು ಹಾರ ಬೇರೆ.

ಅಣ್ಣ ನನ್ನನ್ನು ಕಂಡು ನಕ್ಕ. "ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದ್ರು. ಇಂಥ ಟೂರು ಎಲ್ಲೂ ನೋಡಿಲ್ಲಂತೆ. ನಮ್ಮನ್ನ ಕಳಿಸಿಕೊಡೋಕೆ ಅಂತ ನಿಮ್ಮ ತಮ್ಮ ದಡಕ್ಕೆ ಎಷ್ಟು ಪ್ರೀತಿಯಿಂದ ಓಡಿ ಬಂದ್ರು ಅಂತ ಹೆಡ್‌ಮಾಸ್ಟ್ರು ಕಣ್ಣಲ್ಲಿ ನೀರು ಹಾಕಿದ್ರು."

"ಹಾಗಾದ್ರೆ ಟೂರು ನಿಲ್ಸೋದಿಲ್ವಾ?"

"ಯಾಕೆ ನಿಲ್ಸಬೇಕು? ಹೇಗೆ ನಡೆಸ್ಬೇಕು ಅಂತ ಈಗ ಗೊತ್ತಾಯ್ತಲ್ಲ. ಮುಂದಿನ ವಾರದಿಂದ ನೀನು ಹೋಗ್ಬೇಡ."

ನಾನು ಹೋಗಿ ಗಲ್ಲಾದ ಮೇಲೆ ಕೂತೆ. ಅತ್ತಿಗೆಯ ಹತ್ತಿರವಾದರೂ ಮರ್ಯಾದೆ ಉಳಿಯಲಿ ಎಂದು, "ನಿಮ್ಮ ಅತ್ತೆ ಅತ್ತಿಗೆಗೆ ಅಂತ ಹಪ್ಪಳ ಕೊಟ್ಟಿದ್ರು," ಅಂದೆ.

"ಅದು ನಿನ್ನೆ ಸಂಜೆನೇ ಬಂತು," ಅಂದ ಅಣ್ಣ. "ಕರಿದೂ ಆಯ್ತು, ತಿಂದೂ ಆಯ್ತು."