ಮೋಲ್ಡ್ ದಿನದ ಊಟ

ಎಲ್ಲಕ್ಕೂ ಕಾರಣ ಒಂದು ತುರಿಕೆ. ಅದೂ ಬೇರೆಲ್ಲೂ ಅಲ್ಲ, ಮುರಳಿಮೋಹನನ ನಡುನೆತ್ತಿಯಲ್ಲಿ, ಬಿಳಿ ಹೆಲ್ಮೆಟ್ಟಿನ ಕೆಳಗೆ.

ಹೆಲ್ಮೆಟ್ಟಿನೊಳಗಿನ ತುರಿಕೆಯ ಕಷ್ಟ ಹಾಕಿಕೊಂಡವರಿಗೇ ಗೊತ್ತು. ಮೇಲಿಂದ ಕೆರೆದರೆ ಪ್ಲಾಸ್ಟಿಕ್ಕು ಟಕಟಕ ಅನ್ನುತ್ತದೆಯೇ ಹೊರತು ತುರಿಕೆ ಹೋಗುವುದಿಲ್ಲ. ತೆಗೆದು ಕೆರೆದುಕೊಳ್ಳೋಣವೆಂದರೆ ಅವನು ಸೇಫ್ಟಿ ಆಫೀಸರು. ಸೈಟಿನಲ್ಲಿ ಯಾವ ಕಾರಣಕ್ಕೂ ಹೆಲ್ಮೆಟ್ ತೆಗೆಯಕೂಡದು ಎಂದು ದಿನಾ ಬೆಳಿಗ್ಗೆ ಭಾಷಣ ಬಿಗಿಯುವ ಮಹಾಶಯ ಅವನೇ.

ಅವನ ಕಂಪನಿಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆ ಕಟ್ಟಡದ ಕೆಲಸ ನಡೆಯುತ್ತಿತ್ತು. ದಿನಕ್ಕೊಂದು ಕಡೆ ಬೈಕಿನಲ್ಲಿ ಹೋಗಿ, ಯಾರ ತಲೆ ಖಾಲಿ ಇದೆ, ಯಾರ ಸೊಂಟಕ್ಕೆ ಬೆಲ್ಟಿಲ್ಲ ಎಂದು ನೋಡುವುದು ಅವನ ಕೆಲಸ. ಬೈಕು ಗೇಟು ದಾಟಿದ್ದೇ ತಡ, ಯಾರಾದರೊಬ್ಬ ಕಬ್ಬಿಣದ ಪೈಪಿಗೆ ಕಲ್ಲಿನಿಂದ ಠಣ್ ಠಣ್ ಅಂತ ಬಡಿಯುತ್ತಿದ್ದ. ಅಲ್ಲಿಗೆ ಮಾತು ನಿಲ್ಲುತ್ತಿತ್ತು, ನಗು ನಿಲ್ಲುತ್ತಿತ್ತು, ಹೆಲ್ಮೆಟ್ಟುಗಳು ತಲೆಗೇರುತ್ತಿದ್ದವು. ಇಷ್ಟು ವರ್ಷ ಅವನ ಸೈಟುಗಳಲ್ಲಿ ಒಬ್ಬರ ತಲೆಯೂ ಒಡೆದಿರಲಿಲ್ಲ, ಅದು ಅವನ ಹೆಮ್ಮೆ. ಆದರೆ ಒಬ್ಬರೂ ಅವನ ಜೊತೆ ಕೂತು ಒಂದು ಲೋಟ ಟೀ ಕುಡಿದಿರಲಿಲ್ಲ. ಮುಳಬಾಗಿಲಿನ ಬಾಡಿಗೆ ಕೋಣೆಯಲ್ಲೂ ಅವನೊಬ್ಬನೇ. ಇಡೀ ದಿನದಲ್ಲಿ ಅವನನ್ನು ತಾನಾಗಿ ಮಾತಾಡಿಸುವವನೆಂದರೆ ಪೆಟ್ರೋಲ್ ಬಂಕಿನ ಹುಡುಗ. ಅದೂ ‘ಝೀರೋ ನೋಡ್ಕೊಳ್ಳಿ ಸಾರ್’ ಅಂತ ಅಷ್ಟೇ.

ಆ ದಿನ ನಂಗಲಿಯ ಹತ್ತಿರ, ಹೈವೇ ಪಕ್ಕದಲ್ಲಿ ಏಳುತ್ತಿದ್ದ ಟೊಮೆಟೊ ಗೋಡೌನಿಗೆ ಮೋಲ್ಡ್ ಹಾಕುವ ದಿನ. ತಾರಸಿಗೆ ಕಾಂಕ್ರೀಟ್ ಬೀಳುವ ದಿನವೆಂದರೆ ನಮ್ಮ ಕಡೆ ಹಬ್ಬ. ಬೆಳಿಗ್ಗೆ ಪೂಜೆ, ಕೆಲಸ ಮುಗಿದ ಮೇಲೆ ಮುದ್ದೆ, ನಾಟಿಕೋಳಿ ಸಾರು. ಮೇಸ್ತ್ರಿ, ಗಾರೆಯವರು, ಮಿಕ್ಸರ್ ತಂದವನು, ದಾರಿಯಲ್ಲಿ ಸುಮ್ಮನೆ ನಿಂತು ನೋಡಿದವನು, ಎಲ್ಲರಿಗೂ ಒಂದೇ ಸಾಲು. ಆ ಸಾಲಿಗೆ ಸೇಫ್ಟಿ ಸಾರನ್ನು ಮಾತ್ರ ಯಾರೂ ಕರೆದಿರಲಿಲ್ಲ. ಪ್ರತಿ ಮೋಲ್ಡಿಗೂ ಅವನು ದೂರದ ಹೊಂಗೆ ಮರದ ಕೆಳಗೆ ಹೋಟೆಲಿನ ಚಿತ್ರಾನ್ನದ ಪೊಟ್ಟಣ ಬಿಚ್ಚಿ, ಕೋಳಿ ಸಾರಿನ ವಾಸನೆ ನೆಂಚಿಕೊಂಡು ತಿನ್ನುತ್ತಿದ್ದ. ಇವತ್ತಾದರೂ ಯಾರಾದರೂ ಕರೆದೇ ಕರೆಯುತ್ತಾರೆ ಎಂಬ ಮೊಂಡು ಆಸೆಯಿಂದ ಪೊಟ್ಟಣ ಕಟ್ಟಿಸದೆ ಬಂದುಬಿಟ್ಟಿದ್ದ.

ತುರಿಕೆ ಬಂದಾಗ ಅವನು ನಿಂತಿದ್ದದ್ದು ಗೋಡೌನಿನ ಪಕ್ಕದ ಆಫೀಸು ಕೋಣೆಯ ತಾರಸಿಯ ಮೇಲೆ. ಹಿಂದಿನ ತಿಂಗಳೇ ಮುಗಿದಿದ್ದ ಆ ತಾರಸಿ ಗೋಡೌನಿಗಿಂತ ಎತ್ತರ. ಅವನ ಪಕ್ಕದಲ್ಲಿದ್ದದ್ದು ದೃಷ್ಟಿಬೊಂಬೆ. ಹಳೇ ಪ್ಯಾಂಟು ಶರಟಿಗೆ ಹುಲ್ಲು ತುರುಕಿ, ಮಡಕೆಯ ತಲೆಗೆ ಮೀಸೆ ಹಲ್ಲು ಬರೆದು, ಹೈವೇಯ ಲಾರಿಯವರ ಕಣ್ಣು ತಾಗದಿರಲೆಂದು ಮೇಸ್ತ್ರಿ ಆವಲಪ್ಪ ಕಂಬಿಗೆ ಕಟ್ಟಿದ್ದು. ಇಡೀ ಸೈಟಿನಲ್ಲಿ ಮುರಳಿಮೋಹನನನ್ನು ಕಂಡು ಸರಿದುಹೋಗದೆ ಇದ್ದದ್ದು ಅದೊಂದೇ.

“ಸ್ವಲ್ಪ ಹಿಡ್ಕೊಂಡಿರಪ್ಪಾ,” ಎಂದು ಹೆಲ್ಮೆಟ್ಟನ್ನು ಬೊಂಬೆಯ ತಲೆಗಿಟ್ಟ. ನೆತ್ತಿಗೆ ಗಾಳಿ ಬಿದ್ದಿದ್ದೇ ಸ್ವರ್ಗ ಕಂಡಂತಾಯಿತು. ಆಸೆ ಹೆಚ್ಚಿತು. ಕಪ್ಪು ಕನ್ನಡಕ, ಮೂಗು ಬಾಯಿ ಮುಚ್ಚುವ ಮಾಸ್ಕು, ಹಸಿರು ಜಾಕೀಟು ಎಲ್ಲವನ್ನೂ ಕಳಚಿ ಬೊಂಬೆಗೇ ತೊಡಿಸಿದ. ಅವಿಲ್ಲದ ಅವನ ಮುಖವನ್ನು ಸೈಟಿನಲ್ಲಿ ಯಾರೂ ಕಂಡಿರಲಿಲ್ಲ. ಐದೇ ನಿಮಿಷ, ಮುಖ ತೊಳೆದು ಬರೋಣವೆಂದು ಹಿಂದಿನ ಏಣಿಯಿಂದ ಇಳಿದು ನೀರಿನ ಡ್ರಮ್ಮಿನ ಕಡೆ ಹೋದ.

ಡ್ರಮ್ಮಿನ ಹತ್ತಿರ ಆವಲಪ್ಪ ಸಿಡಿಮಿಡಿಗುಟ್ಟುತ್ತಿದ್ದ. ಮೋಲ್ಡಿಗೆ ಸೈಟಿನವರು ಸಾಲದೆ ಉಳಿದ ಕೂಲಿಯವರನ್ನು ನಂಗಲಿ ಸರ್ಕಲ್ಲಿನಿಂದ ಅವತ್ತಿನವರನ್ನು ಅವತ್ತೇ ಕರೆತರುವುದು ವಾಡಿಕೆ. ಯಾರು ಯಾವೂರಿನವರೋ ಸಂಜೆಯ ತನಕ ಯಾರಿಗೂ ಗೊತ್ತಿರುವುದಿಲ್ಲ. ಬರುತ್ತೇನೆಂದವರಲ್ಲಿ ಒಬ್ಬ ಕೈಕೊಟ್ಟಿದ್ದ.

“ಏಯ್, ಈಗ ಬರ್ತಾ ಇದ್ದೀಯಾ? ಮುಖ ತೊಳ್ಕೊಂಡು ಮದುವೆಗೆ ಹೋಗ್ಬೇಕಾ? ನಿಂತ್ಕೋ ಲೈನಲ್ಲಿ!”

“ಅಲ್ಲ ಮೇಸ್ತ್ರಿ, ನಾನು...”

“ಮಾತು ಬೇಡ. ಮಿಕ್ಸರ್ ತಿರುಗಿಬಿಡ್ತು. ಮೋಲ್ಡ್ ಶುರುವಾದ್ಮೇಲೆ ದೇವರು ಬಂದ್ರೂ ನಿಲ್ಸಂಗಿಲ್ಲ!”

ಅದು ಮುರಳಿಮೋಹನನಿಗೂ ಗೊತ್ತು. ನಡುವೆ ನಿಂತರೆ ತಾರಸಿ ಬಿರುಕು ಬಿಡುತ್ತದೆ. ಅಲ್ಲದೆ ‘ನಾನು ಸೇಫ್ಟಿ ಆಫೀಸರು’ ಎಂದರೆ ಬರಿದಲೆಯಲ್ಲಿ ನಿಂತಿದ್ದಕ್ಕೆ ಏನು ಹೇಳುವುದು? ಅವನು ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಗೋಡೌನಿನ ಮೇಲಿನ ಸಾಲಿನಲ್ಲಿದ್ದ, ಕೈಗೆ ಕಾಂಕ್ರೀಟ್ ತುಂಬಿದ ಬಾಂಡ್ಲಿ ಬಂದಿತ್ತು.

ಎಡಗಡೆಯಿಂದ ಬಾಂಡ್ಲಿ ಕೊಡುತ್ತಿದ್ದ ಹೆಂಗಸು ಅವನ ತಲೆ ನೋಡಿ ಗಾಬರಿಯಾದಳು. ಅಂಜಮ್ಮ ಎಂದು ಅವಳ ಹೆಸರು, ಗಟ್ಟಿ ಆಳು.

“ಅಯ್ಯೋ, ಹೆಲ್ಮೆಟ್ ಎಲ್ಲೋ ತಮ್ಮಾ? ಅಲ್ಲಿ ನೋಡು ಮ್ಯಾಲೆ, ಶನಿಮಾತ್ಮ ನಿಂತವ್ನೆ!”

ಮುರಳಿಮೋಹನ ತಲೆಯೆತ್ತಿ ನೋಡಿದ. ಆಫೀಸಿನ ತಾರಸಿಯ ಮೇಲೆ ಬಿಳಿ ಹೆಲ್ಮೆಟ್ಟು, ಹಸಿರು ಜಾಕೀಟು, ಕಪ್ಪು ಕನ್ನಡಕ. ತಾನು ಇಷ್ಟು ಭಯಂಕರವಾಗಿ ಕಾಣುತ್ತೇನೆಂದು ಅವನಿಗೆ ಗೊತ್ತೇ ಇರಲಿಲ್ಲ. ಅಂಜಮ್ಮ ಒಂದು ಹಳದಿ ಹೆಲ್ಮೆಟ್ಟು ತಂದು ಅವನ ತಲೆಗೆ ಒತ್ತಿ, ಗದ್ದದ ಪಟ್ಟಿಯನ್ನೂ ತಾನೇ ಬಿಗಿದಳು.

“ತಮ್ಮಾ” ಎಂದು ಅವನನ್ನು ಯಾರಾದರೂ ಕರೆದು ಎಷ್ಟೋ ವರ್ಷವಾಗಿತ್ತು. ಕೆಳಗಿಳಿದು ನಿಜ ಹೇಳುವ ಯೋಚನೆ ಅಲ್ಲೇ ಸತ್ತಿತು.

ಬಲಗಡೆಯಲ್ಲಿದ್ದವನು ಪೆದ್ದಪ್ಪ. ಸಾಲಿಗೆಲ್ಲ ಅವನೇ ರೇಡಿಯೋ. ಬಾಂಡ್ಲಿ ಕೈಯಿಂದ ಕೈಗೆ ಹೋಗುತ್ತಿದ್ದಂತೆ ಮೂಗು ಹಿಡಿದು, ಮಾಸ್ಕಿನೊಳಗಿನ ಗೊಗ್ಗರು ದನಿಯಲ್ಲಿ ಶುರುಮಾಡಿದ: “ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕು ಎಂದು ಎಷ್ಟು ಸಲ ಹೇಳುವುದು!”

ಸಾಲೆಲ್ಲ ಬಿದ್ದು ಬಿದ್ದು ನಕ್ಕಿತು. ಅದು ಮುರಳಿಮೋಹನನ ದಿನದ ಭಾಷಣದ ಮೊದಲ ವಾಕ್ಯ. ಅವನಿಗೆ ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಅದು ಹೇಗೋ ಏನೋ, ಅವನಿಗೂ ನಗು ಬಂತು. ನಗುವವರ ನಡುವೆ ನಿಂತು ನಗುವುದು ಎಷ್ಟು ಸುಖವೆಂದು ಅವನು ಮರೆತೇಬಿಟ್ಟಿದ್ದ.

“ಹಂಗಲ್ಲ ಪೆದ್ದಪ್ಪಾ,” ಎಂದು ಧೈರ್ಯ ಮಾಡಿ, ಎದೆ ಸೆಟೆದು ತಾನೇ ಹೇಳಿ ತೋರಿಸಿದ: “ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕು ಎಂದು ಎಷ್ಟು ಸಲ ಹೇಳುವುದು!”

“ಓಯಬ್ಬೋ! ಥೇಟ್ ಅವ್ನೇ ಕಣೋ!” ಎಂದು ಪೆದ್ದಪ್ಪ ಕುಣಿದುಬಿಟ್ಟ. “ಇನ್ನೊಂದ್ಸಲ, ಇನ್ನೊಂದ್ಸಲ!”

ಅಲ್ಲಿಂದ ಅವನದೇ ದರ್ಬಾರು. ಕೇಳಿದವರಿಗೆಲ್ಲ ತನ್ನನ್ನೇ ಅಣಕಿಸಿ ತೋರಿಸಿದ. ಕೈಯಲ್ಲಿ ಬೊಬ್ಬೆ ಎದ್ದವು, ಸೊಂಟ ಬಿಗಿಯಿತು, ಸಿಮೆಂಟು ನೀರು ಕತ್ತಿನೊಳಗೆ ಇಳಿಯಿತು. ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನಡುನಡುವೆ ಎಲ್ಲರೂ ಮೇಲೆ ಒಮ್ಮೆ ನೋಡಿ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ಅಭ್ಯಾಸಬಲದಿಂದ ಅವನೂ ನೋಡಿ ಸರಿಮಾಡಿಕೊಂಡ.

ಮೋಲ್ಡ್ ಮುಗಿದು, ಕೈಕಾಲು ತೊಳೆದು, ಎಲ್ಲರೂ ಹೆಲ್ಮೆಟ್ಟು ಬದಿಗಿಟ್ಟು ಗೋಡೌನಿನ ಮುಂದಿನ ನೆರಳಿನಲ್ಲಿ ಸಾಲಾಗಿ ಕೂತರು. ಅಂಜಮ್ಮನೂ ಪೆದ್ದಪ್ಪನೂ ತಮ್ಮಿಬ್ಬರ ನಡುವೆ ಅವನಿಗೆ ಜಾಗ ಬಿಟ್ಟಿದ್ದರು. ಮುತ್ತುಗದ ಎಲೆ ಬಂತು, ಬಿಸಿ ಮುದ್ದೆ ಬಿತ್ತು, ಸಾರು ಹರಿಯಿತು. ಮುರಳಿಮೋಹನ ಮೊದಲ ತುತ್ತು ಮುರಿದಿದ್ದನಷ್ಟೇ, ಆವಲಪ್ಪ ಎದ್ದು ನಿಂತ.

“ತಡೀರಿ. ಪಾಪ, ಆ ಸೇಫ್ಟಿ ಸಾರು ಬೆಳಿಗ್ಗೆಯಿಂದ ಬಿಸಿಲಲ್ಲಿ ಒಂದೇ ಕಡೆ ನಿಂತವ್ರೆ. ಒಂದು ವಿಷಲ್ ಊದಿಲ್ಲ, ಒಬ್ಬರನ್ನ ಬೈದಿಲ್ಲ. ಕೆಟ್ಟೋರಲ್ಲ ಕಣ್ರೋ, ನಾವೇ ಯಾವತ್ತೂ ಕರೀಲಿಲ್ಲ. ಅಂಜಮ್ಮಾ, ಕೈ ಮುಗಿದು ಸಾಲಿಗೆ ಕರ್ಕೊಂಡು ಬಾ, ಒಂದೆಲೆ ಊಟಾನೂ ತಗೊಂಡೋಗು, ಬರದಿದ್ರೆ ಅಲ್ಲೇ ಇಡು.”

ಮುರಳಿಮೋಹನ ಮುರಿದ ತುತ್ತನ್ನು ಮತ್ತೆ ಎಲೆಗಿಟ್ಟ. ಇಷ್ಟು ವರ್ಷ ಯಾವ ಮಾತಿಗೆ ಕಾದಿದ್ದನೋ ಆ ಮಾತು ಬಂದೇಬಿಟ್ಟಿತ್ತು, ತನ್ನ ವಿಳಾಸಕ್ಕಲ್ಲ, ಬೊಂಬೆಯ ವಿಳಾಸಕ್ಕೆ. ಎದ್ದು ಹೇಳಲೇ ಎಂದುಕೊಂಡ. ಹೇಳಿದರೆ ಪಕ್ಕದ ಈ ಎರಡು ಮೊಣಕಾಲುಗಳು ದೂರ ಸರಿಯುತ್ತವೆ. ಇರಲಿ, ಊಟ ಮುಗಿಯುವ ತನಕ ತಮ್ಮನಾಗಿಯೇ ಇರೋಣವೆಂದು ತಲೆ ತಗ್ಗಿಸಿ ತುತ್ತು ನುಂಗಿದ.

ಸ್ವಲ್ಪ ಹೊತ್ತಿಗೆ ಅಂಜಮ್ಮ ಮುಖ ಊದಿಸಿಕೊಂಡು ಬಂದಳು.

“ಏನು ಜಂಬವಪ್ಪಾ ಅವ್ರಿಗೆ! ತಲೆ ಬಗ್ಗಿಸ್ಕೊಂಡು ಸಾರ್ ಸಾರ್ ಅಂತ ಮೂರು ಸಲ ಕರ್ದೆ. ತಿರುಗೂ ನೋಡ್ಲಿಲ್ಲ. ಎಲೆ ಅವ್ರ ಕಾಲ್ ಹತ್ರ ಇಟ್ಟು ಬಂದೆ.”

“ಹಂಗಾ?” ಆವಲಪ್ಪನ ಮುಖ ಕೆಂಪಾಯಿತು. “ಆಯ್ತು ಬಿಡು. ಇನ್ನು ಯಾವ ಮೋಲ್ಡಿಗೂ ಅವ್ರನ್ನ ಕರೆಯೋ ಮಾತಿಲ್ಲ. ಅನ್ನದ ಮುಂದೆ ಜಂಬ ತೋರಿಸೋರು ನಮಗೆ ಬೇಡ.”

ಇದನ್ನೂ ಮುರಳಿಮೋಹನ ನುಂಗಿಕೊಳ್ಳುತ್ತಿದ್ದ. ಆದರೆ ಅಂಜಮ್ಮ ಸುಮ್ಮನಾಗಲಿಲ್ಲ.

“ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈಯಲ್ಲಿ ಸಾರಿನ ಸೊಂಬು, ಆ ಏಣಿ ಹತ್ತೋಷ್ಟರಲ್ಲಿ ನಡುವೆ ಕಾಲು ಜಾರ್ತು. ಬಿದ್ದೇಹೋಗ್ತಿದ್ದೆ, ಆ ತಾಯಿ ಕಾಪಾಡಿದ್ಲು.”

ಮುರಳಿಮೋಹನ ಎದ್ದು ನಿಂತ. ಅವನು ಎದ್ದದ್ದಲ್ಲ, ಅವನೊಳಗಿನ ಆಫೀಸರು ಎಬ್ಬಿಸಿದ್ದು.

“ಏಣಿ ಹತ್ತುವಾಗ ಎರಡೂ ಕೈ ಖಾಲಿ ಇರಬೇಕು ಎಂದು ಎಷ್ಟು ಸಲ ಹೇಳುವುದು!”

ಸಾಲೆಲ್ಲ ಹೋ ಎಂದು ನಕ್ಕಿತು. “ಥೇಟ್ ಅವ್ನೇ!” ಎಂದು ಪೆದ್ದಪ್ಪ ತೊಡೆ ತಟ್ಟಿದ. ಆದರೆ ಮುರಳಿಮೋಹನ ನಗುತ್ತಿರಲಿಲ್ಲ.

“ನಗ್ತೀರಾ? ಬಿದ್ದಿದ್ರೆ ಏನ್ರೀ ಗತಿ? ಒಂದೆಲೆ ಊಟಕ್ಕೆ ಪ್ರಾಣ ಕೊಡ್ತೀರಾ ಅಕ್ಕಾ?”

ನಗು ಒಂದೊಂದೇ ಬಾಯಲ್ಲಿ ಆರಿತು. ಅಷ್ಟರಲ್ಲಿ ಹೈವೇ ಕಡೆಯಿಂದ ಬೀಸಿದ ಗಾಳಿಗೆ ಮೇಲಿನ ಬಿಳಿ ಹೆಲ್ಮೆಟ್ಟು ಹಾರಿ, ತಾರಸಿಯಿಂದ ಉರುಳಿ, ಸಾಲಿನ ಮುಂದೆ ದಬ್ ಎಂದು ಬಿತ್ತು. ಎಲ್ಲರೂ ಮೇಲೆ ನೋಡಿದರು. ಬಿಸಿಲಿನಲ್ಲಿ ಮಡಕೆ ಹೊಳೆಯುತ್ತಿತ್ತು. ಆಮೇಲೆ ಎಲ್ಲರೂ ಮುರಳಿಮೋಹನನ ಕಡೆ ನೋಡಿದರು.

ಮೊದಲು ಆವಲಪ್ಪ ಎಂಜಲು ಕೈಯಲ್ಲೇ ತನ್ನ ಹೆಲ್ಮೆಟ್ಟು ಎತ್ತಿ ತಲೆಗಿಟ್ಟುಕೊಂಡ. ನೋಡನೋಡುತ್ತ ಇಡೀ ಸಾಲು ಹೆಲ್ಮೆಟ್ಟು ಹಾಕಿಕೊಂಡು ಮುದ್ದೆಯ ಮುಂದೆ ಎದ್ದು ನಿಂತಿತು.

“ತಪ್ಪಾಯ್ತು ಸಾರ್,” ಎಂದ ಪೆದ್ದಪ್ಪ, ಅಣಕಿಸಿದ ಬಾಯಿಯ ಮೇಲೆ ಕೈ ಇಟ್ಟು.

“ಇಲ್ಲ ಇಲ್ಲ, ಕೂತ್ಕೊಳ್ಳಿ. ನಾನೂ ಇಲ್ಲೇ, ನಿಮ್ಮ ಜೊತೇನೇ...”

“ಎಲ್ಲಾದ್ರೂ ಉಂಟಾ? ನೀವು ನೆಲದ ಮೇಲೆ ಕೂರೋದಾ ಸಾರ್!” ಎಂದ ಆವಲಪ್ಪ. “ಏಯ್, ಕುರ್ಚಿ ತಗೊಂಬಾರೋ!”

ಪ್ಲಾಸ್ಟಿಕ್ ಕುರ್ಚಿ ಬಂತು. ಅದನ್ನು ಮರ್ಯಾದೆಯಿಂದ ದೂರದ ಹೊಂಗೆ ಮರದ ಕೆಳಗೆ ಹಾಕಿದರು. ಮುರಳಿಮೋಹನ ಹಳದಿ ಹೆಲ್ಮೆಟ್ಟು ಹಿಡಿದುಕೊಂಡೇ ಹೋಗಿ ಕೂತ. ಸ್ಟೂಲಿನ ಮೇಲೆ ಹೊಸ ಎಲೆ, ಹೊಸ ಮುದ್ದೆ, ಎಲ್ಲರಿಗಿಂತ ಹೆಚ್ಚು ತುಂಡು. ಪೆದ್ದಪ್ಪ ಬಿಳಿ ಹೆಲ್ಮೆಟ್ಟನ್ನು ಒರೆಸಿ ತಂದುಕೊಟ್ಟ. ಅಂಜಮ್ಮ ಸೊಂಬಿನಲ್ಲಿ ಸಾರು ತಂದು ಬಡಿಸಿದಳು, ಮುಖ ನೋಡಲಿಲ್ಲ.

“ಅಕ್ಕಾ, ಹತ್ತಿರ ಹೋದ್ರೂ ಬೊಂಬೆ ಅಂತ ಗೊತ್ತಾಗ್ಲಿಲ್ವಾ?” ಎಂದು ಕೇಳಿದ, ಅವಳು ಒಂದು ಗಳಿಗೆ ನಿಲ್ಲಲಿ ಎಂದು.

“ಹೆಂಗೆ ಗೊತ್ತಾಗ್ತದೆ ಸಾರ್? ನೀವೂ ದಿನಾ ಹಂಗೇ ತಾನೇ ನಿಂತಿರ್ತೀರಾ.” ಅವಳು ಕೈ ಚಾಚಿದಳು. “ಆ ಹಳದಿ ಹೆಲ್ಮೆಟ್ ಕೊಟ್ಬಿಡಿ ಸಾರ್. ಅದು ನಮ್ಮೋರದು.”

ಅವನು ಕೊಟ್ಟ. ಅವಳು ಹೋದಳು. ಅತ್ತ ಸಾಲು ಮತ್ತೆ ಕೂತು, ಹೆಲ್ಮೆಟ್ಟಿನಲ್ಲೇ, ಸದ್ದಿಲ್ಲದೆ ಉಣ್ಣತೊಡಗಿತು. ಮುರಳಿಮೋಹನ ಸಾರಿಗೆ ಮುದ್ದೆ ಅದ್ದುತ್ತ ತಲೆಯೆತ್ತಿ ನೋಡಿದ. ಆಫೀಸಿನ ತಾರಸಿಯ ಮೇಲೆ, ದೃಷ್ಟಿಬೊಂಬೆಯ ಕಾಲ ಬಳಿ ಇಟ್ಟಿದ್ದ ಎಲೆಗೆ ಕಾಗೆಗಳು ಬಂದು ಸುತ್ತ ಕೂತಿದ್ದವು. ಒಂದನ್ನೊಂದು ಕರೆಯುತ್ತ, ಕಿತ್ತಾಡುತ್ತ, ಹಂಚಿಕೊಂಡು ತಿನ್ನುತ್ತಿದ್ದವು. ಬೊಂಬೆಗಾದರೂ ಊಟಕ್ಕೆ ಜೊತೆ ಸಿಕ್ಕಿತ್ತು.